ಫಲೇತಾನ ಟೇಪುಗಳು

ಫಲೇತಾ ನನ್ನವನು. ಹೀಗೆ ಹೇಳಿದಾಗಲೆಲ್ಲ ನನ್ನ ಹೆಂಡತಿ ಇಂದುಮತಿ ನಗುತ್ತಾಳೆ. ನಗಲಿ. ಪೆಸಿಫಿಕ್ ಸಾಗರದ ಮೊತುಲೋವಾ ಎಂಬ ಪುಟ್ಟ ದ್ವೀಪದ ಆ ರಾಜಕಾರಣಿಯ ಹೆಸರನ್ನು ಇಡೀ ಪರ್ತ್‌ನಲ್ಲಿ ನಾನಲ್ಲದೆ ಇನ್ಯಾರು ಎತ್ತಿದ್ದರು? ಇಲ್ಲಿನ ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಇತಿಹಾಸ ಪಾಠ ಮಾಡುತ್ತಾ ನನ್ನ ರಜೆಗಳನ್ನೆಲ್ಲ ಅವನಿಗೇ ಸುರಿದಿದ್ದೆ.

ಕೊಬ್ಬರಿ ತೂಗುವ ಗುಮಾಸ್ತನಾಗಿದ್ದ ಫಲೇತಾ, ಬಿಳಿ ವ್ಯಾಪಾರಿಗಳ ತಕ್ಕಡಿಯ ಮೋಸವನ್ನು ಬಯಲಿಗೆಳೆದು ಜನರ ಕಣ್ಣಿಗೆ ಬಿದ್ದ. ಆಗ ದ್ವೀಪವನ್ನು ಆಳುತ್ತಿದ್ದ ಬ್ರಿಟಿಷರ ಶಾಸನಸಭೆಗೆ ಆರಿಸಿ ಬಂದ. ಗವರ್ನರನ ಬೆನ್ನು ಹತ್ತಿ ದ್ವೀಪಕ್ಕೆ ಹೈಸ್ಕೂಲು ತಂದ. ಕೊನೆಗೆ ದ್ವೀಪದವರದೇ ಸರ್ಕಾರ ರಚನೆಯಾಗುವಾಗ, ಮೊದಲ ಮುಖ್ಯಮಂತ್ರಿ ಇವನೇ ಎಂದು ಊರೆಲ್ಲ ಹೇಳುತ್ತಿರುವಾಗ, ಬೇಡ ಅಂದುಬಿಟ್ಟ. ಕುರ್ಚಿ ಅವನ ಭಾಮೈದನ ಪಾಲಾಯಿತು. ಯಾಕೆ ಬೇಡ ಅಂದ? ಯಾವ ಕಡತದಲ್ಲೂ ಉತ್ತರವಿರಲಿಲ್ಲ. ಅದೊಂದು ಸಿಕ್ಕಿದ್ದರೆ ನನ್ನ ಪುಸ್ತಕ ಮುಗಿಯುತ್ತಿತ್ತು.

ಅಷ್ಟರಲ್ಲಿ ನಿಕಿತಾ ವಕ್ಕರಿಸಿದಳು. ಅಡಿಲೇಡ್‌ನ ಡಾಕ್ಟರ್ ರಮಾಕಾಂತ್ ಮಗಳು, ಅಲ್ಲೇ ಹುಟ್ಟಿ ಬೆಳೆದವಳು. ಪಿಎಚ್‌ಡಿಗೆ ವಿಷಯ ಸಿಗದೆ ಒದ್ದಾಡುತ್ತಿದ್ದವಳಿಗೆ, ಅವಳಪ್ಪನ ಮುಲಾಜಿಗೆ ಸಿಕ್ಕಿ, ಫಲೇತಾನ ಬಗ್ಗೆ ಬಾಯಿ ಬಿಟ್ಟವನು ನಾನೇ. "ಅಮೇಝಿಂಗ್, ಅಂಕಲ್!" ಅಂದಳು. ಆಮೇಲೆ ನೋಡಿದರೆ ಫೇಸ್‌ಬುಕ್‌ನಲ್ಲಿ ಜಾಲಾಡಿ, ಫಲೇತಾನ ಮಗಳು ಮೆಲೆ ಬ್ರಿಸ್ಬೇನ್‌ನಲ್ಲಿರುವುದನ್ನು ಪತ್ತೆಹಚ್ಚಿದ್ದಳು. ನಾನು ಇಷ್ಟು ವರ್ಷ ಹುಡುಕಿದವಳನ್ನು! ಆವತ್ತಿನಿಂದಲೇ ನನ್ನ ಹೊಟ್ಟೆ ಉರಿಯತೊಡಗಿತು.

೨೦೧೪ರಲ್ಲಿ ಇಬ್ಬರೂ ಬ್ರಿಸ್ಬೇನ್‌ಗೆ ಹೋದೆವು. ಕಿವಿಯ ಹಿಂದೆ ಹೂ ಸಿಕ್ಕಿಸಿಕೊಂಡ ದಪ್ಪನೆಯ ಮುದುಕಿ ಮೆಲೆ ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಐಸ್‌ಕ್ರೀಮಿನ ಡಬ್ಬಿಯೊಂದನ್ನು ತಂದಳು. ಅದರ ತುಂಬ ಹಳೆಯ ಕ್ಯಾಸೆಟ್ಟುಗಳು.

"ಅಪ್ಪ ವಯಸ್ಸಾದ ಮೇಲೆ ತನ್ನ ಕಥೆ ತಾನೇ ಹೇಳ್ಕೊಂಡಿದ್ದು. ಪ್ರೊಫೆಸರ್, ನೀವು ತಗೊಳ್ಳಿ," ಎಂದು ಡಬ್ಬಿಯನ್ನು ನನ್ನ ಕಡೆ ಚಾಚಿದಳು.

ನನ್ನ ಜೀವ ಆ ಡಬ್ಬಿಗೆ ಹಾತೊರೆಯಿತು. ಆದರೆ ಬಾಯಿ ಮೈಸೂರಿನದು. ಯಾರ ಮನೆಗೆ ಹೋದರೂ ಮೊದಲು ಬೇಡ ಎಂದು, ಅವರು ಬಲವಂತ ಮಾಡಿದ ಮೇಲೇ ಕಾಫಿ ಕುಡಿದವರು ನಾವು. "ಅಯ್ಯೋ, ಬೇಡ. ನಿಮ್ಮ ತಂದೆಯ ದನಿ, ನಿಮ್ಮಲ್ಲೇ ಇರಲಿ," ಅಂದೆ. ಇನ್ನೊಮ್ಮೆ ಹೇಳುತ್ತಾಳೆ ಎಂದು ಕಾದೆ. ಬ್ರಿಸ್ಬೇನ್‌ನಲ್ಲಿ ಬಹಳ ಕಾಲ ಬಾಳಿದ ಮುದುಕಿ, ಸರಿ ಎಂದು ತಲೆಯಾಡಿಸಿ ಡಬ್ಬಿಯನ್ನು ನಿಕಿತಾಳತ್ತ ತಿರುಗಿಸಿದಳು.

"ಯೆಸ್ ಪ್ಲೀಸ್!" ಎಂದು ಇವಳು ಎರಡೂ ಕೈಯಲ್ಲಿ ಬಾಚಿಕೊಂಡಳು. ನಾಚಿಕೆಯೇ ಇಲ್ಲದ ಹುಡುಗಿ.

ಪರ್ತ್‌ಗೆ ಬಂದಮೇಲೂ ನನಗೆ ಅದೇ ಧ್ಯಾನ. ಅವಳು ಟೇಪ್ ರೆಕಾರ್ಡರ್ ಜೊತೆ ನಿಂತ ಫೋಟೋ ಹಾಕಿದರೆ ನಾನು ಲೈಕ್ ಒತ್ತಲಿಲ್ಲ.

"ಒಂದು ಫೋನ್ ಮಾಡಿ ಕೇಳ್ಬಾರ್ದಾ?" ಅಂದಳು ಇಂದುಮತಿ.

"ಬೇಡ ಅಂದೋನು ಯಾವ ಮುಖ ಇಟ್ಕೊಂಡು ಕೇಳ್ಲಿ?" ಎಂದು ರೇಗಿದೆ.

ಮರುವರ್ಷ ಅಡಿಲೇಡ್‌ನಲ್ಲಿ ನಿಕಿತಾಳ ಭಾಷಣವಿತ್ತು. ತಪ್ಪು ಹುಡುಕಲೆಂದೇ ವಿಮಾನ ಹತ್ತಿ ಹೋದೆ. ಅವಳು ಮಾತಿನ ನಡುವೆ ಒಂದು ಟೇಪು ಹಾಕಿದಳು. ನನ್ನ ಫಲೇತಾನ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಹೀಗೆ, ಪರರ ಜೊತೆ ಸಾಲಿನಲ್ಲಿ ಕೂತು.

"ಗವರ್ನರ್ ಕರೆದು ಮುಖ್ಯಮಂತ್ರಿ ಆಗ್ತೀಯಾ ಅಂದ. ಬೇಡ, ನನಗಿಂತ ಯೋಗ್ಯರಿದ್ದಾರೆ ಅಂದೆ. ನಮ್ಮ ದ್ವೀಪದಲ್ಲಿ ಕೇಳಿದ ತಕ್ಷಣ ಹೂಂ ಅನ್ನೋನು ದುರಾಸೆಯವನು. ಮತ್ತೆ ಕೇಳ್ತಾನೆ ಅಂತ ಕಾದೆ. ಅವನು ಕೈಕುಲುಕಿ ಕಳಿಸಿಬಿಟ್ಟ. ಇವತ್ತಿಗೂ ಭಾಮೈದನ ಕಾರು ಕಂಡ್ರೆ ನನ್ನ ಹೊಟ್ಟೆ ಉರಿಯುತ್ತೆ."

ಸಭೆ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಪಾಪ, ಅವನ ಕುರ್ಚಿ ಹೋಯಿತಲ್ಲ ಎಂಬ ಮರುಕಕ್ಕಿಂತ, ಇದನ್ನು ನನ್ನ ಬಿಟ್ಟು ಇವಳಿಗೆ ಹೇಳಿದನಲ್ಲ ಎಂಬ ಸಂಕಟವೇ ದೊಡ್ಡದಾಗಿತ್ತು.

ಭಾಷಣ ಮುಗಿದ ಮೇಲೆ ನಿಕಿತಾ ನಗುತ್ತಾ ಬಂದಳು. "ಹೌ ವಾಸ್ ಇಟ್, ಅಂಕಲ್?"

"ಆ ಟೇಪುಗಳು ನನಗೂ ಬೇಕು ಕಣಮ್ಮ," ಎಂದು ಕೈ ಚಾಚಿದೆ. ಸುತ್ತಲಿದ್ದವರು ತಿರುಗಿ ನೋಡುವಷ್ಟು ಜೋರಾಗಿಯೇ ಅಂದೆ.

ಅವಳ ನಗು ಮಾಯವಾಯಿತು. ಹೆಗಲಿನ ಚೀಲವನ್ನು ಎದೆಗೆ ಎಳೆದುಕೊಂಡಳು. ಅವಳಿಗೂ ಹೊಟ್ಟೆಕಿಚ್ಚು! ನನಗೆ ಎಷ್ಟೋ ಸಮಾಧಾನವಾಯಿತು.

"ಬಟ್ ಅಂಕಲ್, ಯೂ ಸೆಡ್ ನೋ."

"ಒಂದೇ ಸಲ ತಾನೇ ಅಂದಿದ್ದು?" ಅಂದೆ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯದೆ.