ಹೂಂಗುಡುವ ಪೆಟ್ಟಿಗೆ

ಬೈರಾಪಟ್ಟಣದ ಬೋರಲಿಂಗಯ್ಯ ಊಟದ ಕೊನೆಯಲ್ಲಿ ಏನೂ ಮಾತಾಡಲಿಲ್ಲವೆಂದರೆ ಮೊಸರು ಚೆನ್ನಾಗಿತ್ತು ಎಂದೇ ಅರ್ಥ. ಮದುವೆಯಾದ ನಲವತ್ತಾರು ವರ್ಷಗಳಲ್ಲಿ ಅವನ ಹೆಂಡತಿ ಸಿದ್ದಮ್ಮನಿಗೆ ದಕ್ಕಿದ ಹೊಗಳಿಕೆಯೆಲ್ಲ ಈ ಬಗೆಯದೇ. ಸಾರು ಸಪ್ಪೆಯಾದರೆ ‘ಉಪ್ಪು’ ಎನ್ನುತ್ತಿದ್ದ. ಮುದ್ದೆಯಲ್ಲಿ ಗಂಟು ಸಿಕ್ಕರೆ ‘ಗಂಟು’ ಎನ್ನುತ್ತಿದ್ದ. ಒಂದು ಊಟಕ್ಕೆ ಒಂದು ಮಾತಿಗಿಂತ ಹೆಚ್ಚು ಬಾಯಿ ಬಿಡುವ ಆಸಾಮಿಯಲ್ಲ. ಆದರೆ ಕೊನೆಯ ಅನ್ನಕ್ಕೆ ಸಿದ್ದಮ್ಮನ ಮೊಸರು, ಚಮಚ ನೆಟ್ಟರೆ ನೆಟ್ಟಗೆ ನಿಲ್ಲುವಂಥ ಮೊಸರು, ಬಿತ್ತೆಂದರೆ ಆತ ಬೇರೆಯೇ ರೀತಿಯಲ್ಲಿ ಸುಮ್ಮನಾಗುತ್ತಿದ್ದ. ಅದು ಏನೂ ಇಲ್ಲದ ಮೌನವಲ್ಲ, ತುಂಬಿದ ಮೌನ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಸಿದ್ದಮ್ಮ ಅದನ್ನು ದಿನವೂ ಕೇಳಿಸಿಕೊಳ್ಳುತ್ತಿದ್ದಳು. ಅದು ಮುಗಿದ ಮೇಲೆ ತಾನು ಉಣ್ಣಲು ಕೂರುತ್ತಿದ್ದಳು.

ಹಳೆಯ ಮನೆಯಲ್ಲಿ ಇದೇನೂ ಕಷ್ಟವಾಗಿರಲಿಲ್ಲ. ಸೌದೆ ಒಲೆಯ ಪಕ್ಕದ ಬಿಸಿ ಬೂದಿಯ ಮೇಲೆ ಕುಡಿಕೆ ಇಟ್ಟು ಮಲಗಿದರೆ ಎಂಥ ಚಳಿಗಾಲದಲ್ಲೂ ಬೆಳಗಿನ ಹೊತ್ತಿಗೆ ಮೊಸರು ಕಲ್ಲಿನಂತೆ ಕೂತಿರುತ್ತಿತ್ತು. ಐದು ವರ್ಷದ ಹಿಂದೆ ಮಗ ಕೆಂಪರಾಜು ಹೊಸ ತಾರಸಿ ಮನೆ ಕಟ್ಟಿಸಿದ. ಗ್ಯಾಸ್ ಒಲೆ ಬಂತು, ನೆಲಕ್ಕೆ ಟೈಲ್ಸ್ ಬಂತು, ಕಾಲಿಟ್ಟರೆ ಕೊರೆಯುವ ಥಂಡಿಯೂ ಬಂತು. ಮೊದಲೆರಡು ಚಳಿಗಾಲ ಬೋರಲಿಂಗಯ್ಯ ಊಟದ ಕೊನೆಗೆ ‘ನೀರು’ ಎನ್ನತೊಡಗಿದ. ಒಂದೇ ಮಾತು, ಬೈಗುಳವೂ ಅಲ್ಲ. ಆದರೂ ಆ ಮಾತು ಸಿದ್ದಮ್ಮನ ಎದೆಯಲ್ಲಿ ಇಡೀ ಮಧ್ಯಾಹ್ನ ಕೂತಿರುತ್ತಿತ್ತು.

ಮೂರನೆಯ ಚಳಿಗಾಲದಲ್ಲಿ ಅವಳಿಗೆ ಕಂಪ್ಯೂಟರು ಸಿಕ್ಕಿತು.

ಅದು ಸೊಸೆ ಸಿರಿಯದು. ಊರಿನವರ ಅರ್ಜಿ, ಮದುವೆ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವನ್ನೂ ಟೈಪು ಮಾಡಿ ಕೊಡಲೆಂದು ಅವಳು ಹಳೆಯದೊಂದನ್ನು ತರಿಸಿ ನಡುಮನೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದಳು. ಅದರ ಟೀವಿಯಂಥ ಪರದೆಯ ಬಗ್ಗೆ ಸಿದ್ದಮ್ಮನಿಗೆ ಆಸಕ್ತಿ ಇರಲಿಲ್ಲ. ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತಲ್ಲ, ಗೊರ್ ಎಂದು ಉಸಿರು ಬಿಡುತ್ತ, ಹಗಲೂ ರಾತ್ರಿ ಬೆಚ್ಚಗೆ ಇರುವ ಪೆಟ್ಟಿಗೆ, ಅವಳ ಕಣ್ಣು ಅದರ ಮೇಲೆ. ಕಸ ಗುಡಿಸುವಾಗ ಒಮ್ಮೆ ಅಂಗೈ ಇಟ್ಟು ನೋಡಿದಳು. ಬೂದಿಯ ಬಿಸಿ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ಅಂದಿನಿಂದ ಎಲ್ಲರೂ ಮಲಗಿದ ಮೇಲೆ ಮೊಸರಿನ ಕುಡಿಕೆ ಪೆಟ್ಟಿಗೆಯ ಮೇಲೇರಿತು, ಎಲ್ಲರೂ ಏಳುವ ಮೊದಲು ಇಳಿಯಿತು. ಬಿಸಿ ಆಚೆ ಹೋಗದಿರಲೆಂದು ಕುಡಿಕೆಯನ್ನೂ ಪೆಟ್ಟಿಗೆಯನ್ನೂ ಸೇರಿಸಿ ಗಂಡನ ಕರಿ ಕಂಬಳಿಯನ್ನು ಸುತ್ತುತ್ತಿದ್ದಳು. ಕಂಬಳಿ ಯಾಕೆ ಎಂದು ಮಗ ಕೇಳಿದಾಗ, ದೂಳು ಕೂರಬಾರದಲ್ಲ ಎಂದಳು. ಅಕ್ಷರ ಬರದ ತಾಯಿಗೆ ಕಂಪ್ಯೂಟರಿನ ಮೇಲೆ ಎಷ್ಟು ಭಕ್ತಿ ಎಂದು ಕೆಂಪರಾಜು ನೆಂಟರಲ್ಲೆಲ್ಲ ಹೇಳಿಕೊಂಡು ತಿರುಗಿದ. ಬೋರಲಿಂಗಯ್ಯ ತನ್ನ ಕಂಬಳಿ ಎಲ್ಲಿ ಎಂದು ಕೇಳಲಿಲ್ಲ. ಹತ್ತಿಯ ದುಪ್ಪಟಿ ಹೊದ್ದು ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿದ. ಮಧ್ಯಾಹ್ನದ ಊಟದ ಕೊನೆಗೆ ಆ ತುಂಬಿದ ಮೌನ ಮರಳಿ ಬಂತು.

ತೊಂದರೆ ಇದ್ದದ್ದು ಸಿರಿಗೆ. ಕಂಪ್ಯೂಟರು ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತ ಹೋಯಿತು. ಒಂದು ಅಕ್ಷರ ಒತ್ತಿದರೆ ಅದು ಯೋಚನೆ ಮಾಡಿ ಮೂಡುತ್ತಿತ್ತು. ಶುರುವಾಗಲು ಅರ್ಧ ಗಂಟೆ ಬೇಕು, ಹಾಗಾಗಿ ಆರಿಸುವುದೇ ಬೇಡ ಎಂದು ಕೆಂಪರಾಜು ಅಪ್ಪಣೆ ಮಾಡಿದ್ದ. ಆರಿಸದ್ದರಿಂದ ಬಿಸಿ, ಬಿಸಿಯಿದ್ದದ್ದರಿಂದ ಮೊಸರು, ಮೊಸರಿಗಾಗಿ ಕಂಬಳಿ, ಕಂಬಳಿಯಿಂದ ಇನ್ನಷ್ಟು ನಿಧಾನ. ಈ ಸುತ್ತು ಹೀಗೆ ತಿರುಗುತ್ತಿರುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಿದ್ದಮ್ಮನಿಗೆ ಅರ್ಧ ಗೊತ್ತಿತ್ತು, ಉಳಿದರ್ಧ ತಿಳಿಯುವ ಆತುರ ಅವಳಿಗಿರಲಿಲ್ಲ.

ಪುಷ್ಯ ಮಾಸದ ಚಳಿಯಲ್ಲಿ ಒಂದು ದಿನ ಸಿರಿ ಚನ್ನಪಟ್ಟಣದಿಂದ ರುದ್ರಪ್ರಸಾದನನ್ನು ಕರೆಸಿದಳು. ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಮೂವತ್ತೈದರ ಸಮಾಧಾನಿ. ಪಕ್ಕದ ಗೊಂಬೆ ಕಾರ್ಖಾನೆಯಿಂದ ಎರವಲು ತಂದ, ಗಾಳಿ ಊದುವ ಬ್ಲೋಯರು ಅವನ ಕೈಯಲ್ಲಿತ್ತು. ಅದರ ಮೂತಿಗೆ ಕೆಂಪು ಹಳದಿ ಅರಗು ಮೆತ್ತಿಕೊಂಡಿತ್ತು. ಅವನು ಸ್ಕ್ರೂ ಬಿಚ್ಚಿ ಪೆಟ್ಟಿಗೆ ತೆರೆದು ಒಳಗೆ ನೋಡಿದ, ಆಮೇಲೆ ಸಿರಿಯನ್ನು ನೋಡಿದ.

“ನಿಮ್ ಮನೇಲಿ ಕುರಿ ಸಾಕಿದ್ದೀರಾ?”

ಫ್ಯಾನಿನ ರೆಕ್ಕೆಯೇ ಕಾಣದಂತೆ ಒಳಗೆಲ್ಲ ಕರಿ ಉಣ್ಣೆ ತುಂಬಿತ್ತು. ಗಾಳಿ ಆಡುವ ಕಿಂಡಿಗಳೆಲ್ಲ ಮುಚ್ಚಿ, ಒಳಗಿನ ಯಂತ್ರ ಬೆಂದು ಬೆಂದು, ಸುಟ್ಟುಹೋಗದಿರಲೆಂದು ತಾನೇ ನಿಧಾನ ಮಾಡಿಕೊಳ್ಳುತ್ತಿದೆ ಎಂದು ಅವನು ವಿವರಿಸಿದ. ಅಷ್ಟರಲ್ಲಿ ತಗಡಿನ ಮೇಲೆ ಒಣಗಿದ ಬಿಳಿಯ ಕಲೆಯೊಂದು ಅವನ ಕಣ್ಣಿಗೆ ಬಿತ್ತು. ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದ. ಸಿದ್ದಮ್ಮ ಒಲೆಯ ಮೇಲೆ ಏನೋ ಉಕ್ಕಿತೆಂಬಂತೆ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಅವಳು ಮರಳಿ ಬರುವ ಹೊತ್ತಿಗೆ ಉಣ್ಣೆಯೆಲ್ಲ ಅಂಗಳಕ್ಕೆ ಹಾರಿತ್ತು, ರುದ್ರಪ್ರಸಾದ ಬೆರಳಿನಷ್ಟು ಪೆನ್ ಡ್ರೈವ್ ಒಂದನ್ನು ಚುಚ್ಚಿ ಕೂತಿದ್ದ. ಕಂಪ್ಯೂಟರಿನಲ್ಲಿರುವ ಹಳೆಯ ಸಿಸ್ಟಂ ಈ ವಯಸ್ಸಾದ ಮೆಷೀನಿಗೆ ಭಾರ, ಲಿನಕ್ಸ್ ಅಂತ ಹಗುರಾದದ್ದು ಇದೆ, ಮೊದಲು ಒಳಗೆ ಹಾಕದೇನೇ ಈ ಪೆನ್ ಡ್ರೈವಿನಿಂದಲೇ ನಡೆಸಿ ನೋಡಿ, ಇಷ್ಟವಾದರೆ ಹಾಕೋಣ ಎಂದ. ಎಷ್ಟು ಎಂದು ಸಿರಿ ಕೇಳಿದ್ದಕ್ಕೆ ಪುಕ್ಕಟೆ ಎಂದ.

ಸಿದ್ದಮ್ಮನಿಗೆ ಅನುಮಾನ ಬಂತು. “ಪುಕ್ಕಟೆ ಯಾರ್‍ಲಾ ಕೊಟ್ಟಾರು?”

ಲೋಕದ ನಾನಾ ಕಡೆಯ ಜನ ಸೇರಿ ಮಾಡಿದ್ದು, ಬೇಕಾದವರು ತಗೊಳ್ಳಬಹುದು, ತಗೊಂಡವರು ಇನ್ನೊಬ್ಬರಿಗೂ ಕೊಡಬಹುದು, ಕೊಟ್ಟರೆ ತಮ್ಮದೇನೂ ಕಮ್ಮಿಯಾಗುವುದಿಲ್ಲ ಎಂದು ಅವನು ಹೇಳಿದ.

“ಹೆಪ್ಪು ಇದ್ದಂಗೆ ಅನ್ನು. ಒಂದ್ ಚಮಚ ಈಸ್ಕೊಂಡ್ ಬಂದ್ರೆ ನಮ್ಮನೇಲೂ ಮೊಸರು, ಕೊಟ್ಟೋರ ಮನೇಲೂ ಮೊಸರು.”

ರುದ್ರಪ್ರಸಾದನ ಕೈ ಮೌಸಿನ ಮೇಲೇ ನಿಂತಿತು. ಹತ್ತು ವರ್ಷದಿಂದ ಗಿರಾಕಿಗಳಿಗೆ ಇದನ್ನು ಹೇಳುತ್ತ ಬಂದಿದ್ದ, ಇಷ್ಟು ಬೇಗ ಯಾರಿಗೂ ಹೊಳೆದಿರಲಿಲ್ಲ.

ಹಾಕಿದ್ದಾಯಿತು. ಕೊನೆಗೆ ಫ್ಯಾನು ಸರಿಯಾಗಿದೆಯೇ ಎಂದು ನೋಡಲು ಅವನು ಪರದೆಯ ಮೇಲೆ ಒಂದು ಕರಿ ಕಿಟಕಿ ತೆರೆದು ಮೂರು ಅಕ್ಷರ ಒತ್ತಿದ. ಒಂದೇ ಅಕ್ಷರ ಸಾಲುಸಾಲಾಗಿ, ಕಣದಲ್ಲಿ ಕಾಳು ತೂರಿದ ಹಾಗೆ, ಮೇಲಕ್ಕೆ ಹರಿಯತೊಡಗಿತು.

“ಇದು ಒಂದು ಅಪ್ಪಣೆ ಕಣಕ್ಕ. ಯೆಸ್ ಅಂತ ಬರೆದ್ ಬುಟ್ರೆ ನಾವ್ ಸಾಕು ಅನ್ನೋವರ್ಗೂ ಹೂಂ ಹೂಂ ಅಂತಾನೇ ಇರ್ತದೆ. ಕೆಲ್ಸ ಏನಿಲ್ಲ. ಆದ್ರೂ ಮೈಯೆಲ್ಲ ಬಿಸಿ ಆಯ್ತದೆ.”

ಸಿದ್ದಮ್ಮ ಪೆಟ್ಟಿಗೆಯ ಹಿಂಬದಿಗೆ ಅಂಗೈ ಹಿಡಿದಳು. ಹೌದು, ಬೆಚ್ಚನೆ ಗಾಳಿ. ಅವನು ಅದನ್ನು ನಿಲ್ಲಿಸಿದ. ಗಾಳಿ ತಣ್ಣಗಾಯಿತು, ಗೊರ್ ಸದ್ದೂ ನಿಂತಿತು. ಮೂರು ವರ್ಷದಲ್ಲಿ ಮೊದಲ ಸಲ ಆ ನಡುಮನೆ ನಿಶ್ಶಬ್ದವಾಗಿ, ಹೊರಗೆ ಜಗಲಿಯಲ್ಲಿ ಬೋರಲಿಂಗಯ್ಯ ಎಲೆ ಅಡಿಕೆ ಅಗಿಯುವುದು ಕೇಳಿಸಿತು. ಇನ್ನು ಮೇಲೆ ಕಂಬಳಿ ಗಿಂಬಳಿ ಹೊದಿಸಬೇಡಿ, ರಾತ್ರಿ ಆರಿಸಿಬಿಡಿ, ಒಂದೇ ನಿಮಿಷಕ್ಕೆ ಏಳುತ್ತದೆ ಎಂದು ಹೇಳಿ ರುದ್ರಪ್ರಸಾದ ಬೈಕ್ ಹತ್ತಿದ. ಸಿರಿ ಹೊಸ ಮದುವಣಗಿತ್ತಿಯಂತೆ ಓಡಾಡಿದಳು. ಸಂಜೆ ಕಂಪ್ಯೂಟರ್ ಆರಿಸಿ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟಳು.

ಮಾರನೆಯ ದಿನ ಕುಡಿಕೆಯಲ್ಲಿ ಹಾಲು ಹಾಲಾಗಿಯೇ ಇತ್ತು.

“ಹಾಲು,” ಎಂದ ಬೋರಲಿಂಗಯ್ಯ ಊಟದ ಕೊನೆಗೆ.

ಆ ರಾತ್ರಿ ಸಿದ್ದಮ್ಮ ಕುಡಿಕೆಯನ್ನು ರಾಗಿ ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಳು. ಮಧ್ಯಾಹ್ನ ‘ಲೋಳೆ’ ಎಂಬ ಮಾತು ಸಿಕ್ಕಿತು. ಮಗ ರೇಷ್ಮೆಹುಳು ಸಾಕುವ ಮನೆಯಲ್ಲಿ ಹೀಟರ್ ಇತ್ತು, ಅಲ್ಲಿಗೆ ಹೊರಟರೆ ಹುಳುಮನೆಗೆ ಹಾಲು ಮೊಸರಿನ ವಾಸನೆ ಬೇಡವೆಂದು ಕೆಂಪರಾಜು ಬಾಗಿಲಲ್ಲೇ ತಡೆದ. ಕಾವಿಗೆ ಕೂತ ಕೋಳಿಯ ಪಕ್ಕ ಇಟ್ಟು ನೋಡಿದಳು. ಕೋಳಿ ಒಪ್ಪಲಿಲ್ಲ. ಹೊಸ ಸಿಸ್ಟಂ ಯಾಕೋ ಮನೆಗೆ ಆಗಿಬರಲಿಲ್ಲ, ಹಳೇದೇ ಹಾಕಿಸು ಎಂದು ಸೊಸೆಯ ಕಿವಿಯಲ್ಲಿ ಹಾಕಿದಳು. ಸಿರಿ ಕೇಳುವ ಸ್ಥಿತಿಯಲ್ಲಿರಲಿಲ್ಲ, ಎರಡು ದಿನದ ಕೆಲಸವನ್ನು ಒಂದೇ ಬೆಳಗಿನಲ್ಲಿ ಮುಗಿಸಿ ಹಾಡು ಗುನುಗುತ್ತಿದ್ದಳು. ಕೊನೆಗೆ ಸಿದ್ದಮ್ಮ ತಾನೇ ಪೆಟ್ಟಿಗೆಯ ಗುಂಡಿ ಒತ್ತಿ, ಕುಡಿಕೆ ಏರಿಸಿ, ಕಂಬಳಿ ಸುತ್ತಿ ಮಲಗಿದಳು. ನಸುಕಿನಲ್ಲಿ ಬಂದು ಅಂಗೈ ಇಟ್ಟರೆ ಪೆಟ್ಟಿಗೆ ಎಚ್ಚರವಾಗಿತ್ತು, ದೀಪ ಮಿನುಗುತ್ತಿತ್ತು, ಮೈ ಮಾತ್ರ ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು. ಮಾಡಲು ಕೆಲಸವಿಲ್ಲದೆ ಅದು ಆರಾಮವಾಗಿ ಕೂತಿತ್ತು.

ಐದನೆಯ ದಿನ ಊಟದ ಕೊನೆಗೆ ಬೋರಲಿಂಗಯ್ಯ ಒಂದು ಇಡೀ ವಾಕ್ಯ ಆಡಿದ.

“ನಾಳಿಕೆ ಹನುಮಂತಮ್ಮನ ಮನೆಯಿಂದ ಒಸಿ ಮೊಸರು ತರ್ಸು.”

ಹನುಮಂತಮ್ಮ ಪಕ್ಕದ ಮನೆಯವಳು. ಅವಳ ಮನೆಯಲ್ಲಿ ಇನ್ನೂ ಸೌದೆ ಒಲೆ. ಸಿದ್ದಮ್ಮ ಆ ದಿನ ಉಣ್ಣಲು ಕೂರಲಿಲ್ಲ. ಬೇರೆಯವಳ ಮೊಸರು ಹೊಸಿಲು ದಾಟಿ ಬರುವುದು, ಅದು ಗಂಡನ ಅನ್ನಕ್ಕೆ ಬೀಳುವುದು, ಆತ ಸುಮ್ಮನಾಗುವುದು. ಬೇರೆಯವಳ ಮೊಸರಿಗೆ ಆ ಮೌನ. ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ತಾನು ಕೇಳಿಸಿಕೊಳ್ಳಬೇಕು. ಪಾತ್ರೆ ತೊಳೆದಳು, ತೊಳೆದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ನಡುಮನೆಗೆ ಬಂದು ಸಿರಿಯ ಹಿಂದೆ ನಿಂತಳು.

“ಸಿರಿ, ಅವತ್ತು ಅವ್ನು ಆಡಿಸಿದ್ನಲ್ಲ, ಹೂಂ ಹೂಂ ಅನ್ನೋ ಆಟ. ರಾತ್ರಿಗೆ ಅದನ್ನೊಂದು ಹಾಕ್ಕೊಡವ್ವ.”

“ಯಾಕತ್ತೆ?”

ಸಿದ್ದಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು, ಕಿಟಕಿ ನೋಡಿದಳು. ಗಂಡನ ಜೊತೆ ಬಾಳಿ ಅವಳಿಗೂ ಒಂದೇ ಮಾತಿನಲ್ಲಿ ಮುಗಿಸುವ ಅಭ್ಯಾಸ ಬಂದಿತ್ತು.

“ಮೊಸರಿಗೆ.”

ಸಿರಿ ಕೀಲಿಮಣೆ ಬಿಟ್ಟು ತಿರುಗಿದಳು. ಅವಳು ಪೆಟ್ಟಿಗೆಯನ್ನು ನೋಡಿದಳು, ಕುರ್ಚಿಯ ಮೇಲಿನ ಕಂಬಳಿಯನ್ನು ನೋಡಿದಳು. ಅಂಗಳಕ್ಕೆ ಹಾರಿದ ಉಣ್ಣೆ, ಉಗುರಿನಲ್ಲಿ ಕೆರೆದ ಬಿಳಿಯ ಕಲೆ, ಎಲ್ಲವೂ ಒಂದೊಂದಾಗಿ ಅವಳ ಮುಖದ ಮೇಲೆ ಬಂದು ಹೋದವು.

“ಅಂದ್ರೆ ಕಂಬಳಿ ದೂಳಿಗಲ್ವಾ?”

“ದೂಳಿಗೂ ಅಂತ ಇಟ್ಕೊ.”

“ಮೂರು ವರ್ಷ ಕಣತ್ತೆ. ಮೂರು ವರ್ಷ ಇದರ ಮುಂದೆ ಕೂತು ತಲೆ ಚಚ್ಕೊಂಡಿವ್ನಿ.”

“ತಲೆ ಚಚ್ಕೊಂಡು ಬಂದು ಉಣ್ಣೋವಾಗ ಮೊಸರು ಚೆನ್ನಾಗೈತೆ ಅಂತಿರ್ನಿಲ್ವಾ?”

“ಅಂತಿದ್ದೆ.”

“ಮತ್ತೆ?”

ಸಿರಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಸಿದ್ದಮ್ಮ ಹೆದರಿದಳು, ಆಮೇಲೆ ನೋಡಿದರೆ ಭುಜ ಕುಣಿಯುತ್ತಿದ್ದದ್ದು ನಗುವಿಗೆ. ನಗು ಇಳಿದ ಮೇಲೆ ಅವಳು ಷರತ್ತು ಹಾಕಿದಳು. ಕಂಬಳಿ ಕೂಡದು. ಕುಡಿಕೆ ಪೆಟ್ಟಿಗೆಯ ಮೇಲೆ ಕೂಡದು, ಹಿಂದೆ ಸ್ಟೂಲಿನ ಮೇಲೆ, ಬಿಸಿ ಗಾಳಿ ಬರುವ ಕಡೆ. ಇದನ್ನು ಕೆಂಪರಾಜುಗೆ ಹೇಳುವುದೋ ಬಿಡುವುದೋ ಅತ್ತೆ ಸೊಸೆ ಇಬ್ಬರೂ ಯೋಚಿಸಿ ಬಿಡುವುದೆಂದು ತೀರ್ಮಾನಿಸಿದರು. ತಾಯಿಯ ಭಕ್ತಿಯ ಬಗ್ಗೆ ಅವನು ಈಗಾಗಲೇ ವಿರೂಪಾಕ್ಷಿಪುರದವರೆಗೂ ಹೇಳಿಕೊಂಡಾಗಿತ್ತು. ಮತ್ತೆ ಸಿದ್ದಮ್ಮ ತಾನೂ ಒಂದು ಷರತ್ತು ಹಾಕಿದಳು. ಮಾವನಿಗೂ ಹೇಳುವ ಹಾಗಿಲ್ಲ.

ರಾತ್ರಿ ಸಿರಿ ಕರಿ ಕಿಟಕಿ ತೆರೆದು ಮೂರು ಅಕ್ಷರ ಒತ್ತಿದಳು. ಪೆಟ್ಟಿಗೆ ಹೂಂ, ಹೂಂ, ಹೂಂ ಎಂದು ಶುರುಮಾಡಿತು. ಯಾರೂ ಏನೂ ಕೇಳಿರಲಿಲ್ಲ, ಅದು ಎಲ್ಲದಕ್ಕೂ ಒಪ್ಪುತ್ತ ಹೋಯಿತು. ಸಿದ್ದಮ್ಮ ಒಂದು ಗಳಿಗೆ ನಿಂತು ನೋಡಿದಳು. ನಲವತ್ತಾರು ವರ್ಷಕ್ಕೆ ತನ್ನ ಗಂಡ ಅಂದದ್ದನ್ನೆಲ್ಲ ಕೂಡಿಸಿದರೂ ಇಷ್ಟು ಹೂಂ ಆಗುತ್ತಿರಲಿಲ್ಲ.

ಬೆಳಗ್ಗೆ ಮೊಸರು ಕೂತಿತ್ತು. ಗಾಳಿ ತಾಕಿದ ಕಡೆ ಕಲ್ಲು, ಗೋಡೆಯ ಕಡೆ ಒಸಿ ತೆಳು. ಮಧ್ಯಾಹ್ನ ಸಿದ್ದಮ್ಮ ಕುಡಿಕೆ ತಿರುಗಿಸಿ ಗಟ್ಟಿಯ ಕಡೆಯಿಂದಲೇ ತೋಡಿ ಗಂಡನಿಗೆ ಬಡಿಸಿ ಬಾಗಿಲಿಗೆ ಒರಗಿ ನಿಂತಳು.

ಬೋರಲಿಂಗಯ್ಯ ಕಲಸಿದ. ಒಂದು ತುತ್ತು ತಿಂದ. ಎರಡನೆಯದು ತಿಂದ. ಹೇಗಿದೆ ಮಾವ ಎಂದು ಕೇಳಲು ಸಿರಿ ಬಾಯಿ ತೆರೆದಳು, ಸಿದ್ದಮ್ಮ ಅವಳ ಮೊಣಕೈ ಹಿಂಡಿದಳು. ಮೂರನೆಯ ತುತ್ತು, ನಾಲ್ಕನೆಯದು. ತಟ್ಟೆಯಲ್ಲಿ ಬೆರಳು ಓಡುವ ಸದ್ದು ಬಿಟ್ಟರೆ ಏನೂ ಇಲ್ಲ. ಹನುಮಂತಮ್ಮನ ಹೆಸರಿಲ್ಲ, ನೀರಿಲ್ಲ, ಲೋಳೆಯಿಲ್ಲ.

ಅವನು ಎದ್ದು ಕೈ ತೊಳೆದು ಪಂಚೆಗೆ ಒರೆಸಿಕೊಂಡ. ನಡುಮನೆಯ ಮೂಲೆಯಲ್ಲಿ ಒಂದು ಕ್ಷಣ ನಿಂತ. ಪೆಟ್ಟಿಗೆಯ ಹಿಂದಿನ ಸ್ಟೂಲನ್ನು ನೋಡಿದ. ಅದರ ಮೇಲೆ ಕುಡಿಕೆಯ ತಳದ ದುಂಡನೆಯ ಗುರುತಿತ್ತು. ಆಮೇಲೆ ಕುರ್ಚಿಯ ಮೇಲಿದ್ದ ತನ್ನ ಕರಿ ಕಂಬಳಿಯನ್ನು ಎತ್ತಿಕೊಂಡು, ಒಂದು ಸಲ ಕೊಡವಿ, ಹೆಗಲಿಗೆ ಹಾಕಿಕೊಂಡು, ಏನೂ ಹೇಳದೆ ಮಲಗಲು ಹೋದ.