ಅಕ್ಕಿ ಹೆಚ್ಚಾಗ್ಯಾವ

ನಾನು ಒಂದು ಮೈಕು. ಉದ್ದ ಕುತ್ತಿಗೆ, ಸಣ್ಣ ತಲೆ, ತಲೆಯ ಸುತ್ತ ಕೆಂಪು ದೀಪದ ಒಂದು ಉಂಗುರ. ನನ್ನನ್ನು ಮಾಡಿದವರು ನನಗೆ ಬಾಯಿ ಕೊಡಲಿಲ್ಲ, ಕಿವಿ ಮಾತ್ರ ಕೊಟ್ಟರು. ಹೀಗಾಗಿ ಜೀವಮಾನವೆಲ್ಲ ಬೇರೆಯವರ ಮಾತು ಕೇಳಿಸಿಕೊಂಡಿದ್ದೇ ಆಯಿತು. ಇವತ್ತೊಂದು ದಿನ ನಾನು ಹೇಳುತ್ತೇನೆ, ನೀವು ಕೇಳಿ.

ನಾನು ಹುಟ್ಟಿದ್ದು ಚಳಿ ದೇಶವೊಂದರ ಕಾರ್ಖಾನೆಯಲ್ಲಿ. ನನ್ನ ಕಿವಿಯ ಪರದೆ ಗುಲಗಂಜಿಗಿಂತ ಸ್ವಲ್ಪ ದೊಡ್ಡದು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ. ಅದನ್ನು ಕೂರಿಸಿದ ಹೆಂಗಸು ನನ್ನ ತಲೆಯ ಮೇಲೆ ಉಗುರಿನಿಂದ ಟಕ್ಕೆಂದು ಬಡಿದು ಏನೋ ಅಂದಳು. ಅದೇ ನಾನು ಕೇಳಿದ ಮೊದಲ ಮಾತು. ಅರ್ಥವಾಗಲಿಲ್ಲ. ಆದರೆ ದನಿಯಲ್ಲಿ ನೆಗಡಿ ಇತ್ತು, ಅದು ಮಾತ್ರ ತಿಳಿಯಿತು.

ಅಲ್ಲಿಂದ ನನ್ನನ್ನು ಒಂದು ಸರೋವರದ ದಂಡೆಯ ದೊಡ್ಡ ಸಭಾಂಗಣಕ್ಕೆ ಕೊಂಡೊಯ್ದರು. ಬಿಲ್ಲಿನಂತೆ ಬಾಗಿದ ಮೇಜು, ಅದರ ಮೇಲೆ ನನ್ನಂಥವರು ಸಾಲಾಗಿ ಕುತ್ತಿಗೆ ಚಾಚಿ ನಿಂತಿದ್ದೆವು. ಲೋಕದ ನಾನಾ ದೇಶದವರು ಬಂದು ನಮ್ಮೆದುರು ಕೂತು ಮಾತಾಡುತ್ತಿದ್ದರು. ಕಂಪ್ಯೂಟರು, ಫೋನು, ಇಂಟರ್ನೆಟ್ಟು ಬಂದಮೇಲೆ ಲೋಕವೆಲ್ಲ ಒಂದೇ ಮಾಹಿತಿ ಸಮಾಜವಾಗುತ್ತಿದೆಯಂತೆ. ಅದರಲ್ಲಿ ಬಡವ, ಹೆಂಗಸು, ಕುರುಡ, ಓದು ಬಾರದವ, ಸಣ್ಣ ಭಾಷೆಯವ ಯಾರೂ ಹೊರಗೆ ಉಳಿಯಬಾರದಂತೆ. ಮೊದಲು ಯಾವ ಕೆಲಸ ಆಗಬೇಕು, ಆಮೇಲೆ ಯಾವುದು ಎಂದು ವಾರಗಟ್ಟಲೆ ಚರ್ಚೆ. ಒಂದು ಮಧ್ಯಾಹ್ನವಿಡೀ "ಮಾಡತಕ್ಕದ್ದು" ಅನ್ನಬೇಕೋ "ಮಾಡಬಹುದು" ಅನ್ನಬೇಕೋ ಎಂಬುದರಲ್ಲೇ ಕಳೆಯಿತು. ದ್ವೀಪವೊಂದರಿಂದ ಬಂದ ಹೆಂಗಸು ಮಾತ್ರ ನನ್ನ ಮುಂದೆ ಬಾಗಿ, "ನಾಳೆ ಯಂತ್ರಗಳು ಜನರ ಮಾತು ಕೇಳುತ್ತವೆ ಅನ್ನುತ್ತೀರಿ. ಯಾರ ಮನೆಯ ಮಾತು ಕೇಳುತ್ತವೆ?" ಎಂದು ಕೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿ ಚಹಾಕ್ಕೆ ಎದ್ದರು. ಚಪ್ಪಾಳೆ ಮಾತಿಗೋ ಚಹಾಕ್ಕೋ ನನಗಂತೂ ಗೊತ್ತಾಗಲಿಲ್ಲ. ದೊಡ್ಡವರ ಮಾತು ಇಷ್ಟೇ ಎಂದುಕೊಂಡೆ.

ಕಾಲಾಂತರದಲ್ಲಿ ಸಭಾಂಗಣಕ್ಕೆ ಹೊಸ ಮೈಕುಗಳು ಬಂದವು. ಹಳಬರನ್ನು ಪೆಟ್ಟಿಗೆಗೆ ತುಂಬಿ ಬಡ ದೇಶಗಳ ಸಣ್ಣ ರೇಡಿಯೊಗಳಿಗೆ ದಾನ ಮಾಡಿದರು. ಹಡಗು, ಲಾರಿ, ಕೊನೆಗೆ ಬಸ್ಸಿನ ಟಾಪು. ಹೀಗೆ ಪ್ರಯಾಣ ಮಾಡಿ ನಾನು ಬಂದು ಬಿದ್ದದ್ದು ಕೊಪ್ಪಳ ಸೀಮೆಯ ಒಂದು ಸಣ್ಣ ಊರಿಗೆ. ಊರ ಹೆಬ್ಬಾಗಿಲಿಗೆ ಅಲ್ಲಿ ಅಗಸಿ ಅನ್ನುತ್ತಾರೆ. ಅದರ ಪಕ್ಕದ ಕೋಣೆಯಲ್ಲಿದ್ದ ರೇಡಿಯೊಕ್ಕೂ ಅದೇ ಹೆಸರು: ಅಗಸಿ ರೇಡಿಯೊ. ಅದನ್ನು ನಡೆಸುತ್ತಿದ್ದವಳು ಜೈತುನಬಿ.

ಜೈತುನಬಿ ಗಟ್ಟಿಗಿತ್ತಿ. ಪೆಟ್ಟಿಗೆ ಬಿಚ್ಚಿ ನನ್ನನ್ನು ಎತ್ತಿ ಹಿಡಿದು, "ಇದೇನಿದು, ಕೊಕ್ಕರಿ ಇದ್ದಂಗ ಐತಿ" ಎಂದಳು. ವೈರು ಹೊಂದದಿದ್ದಕ್ಕೆ ಟಿವಿ ರಿಪೇರಿಯವನಿಂದ ಬೆಸುಗೆ ಹಾಕಿಸಿದಳು. ಉಸಿರಿನ ಸದ್ದು ಬಡಿಯಬಾರದೆಂದು ಹಳೆಯ ಓಡನಿಯ ತುಂಡನ್ನು ತಲೆಗೆ ಸುತ್ತಿದಳು. ಅಂದಿನಿಂದ ನನ್ನ ಕಿವಿಗೆ ಬೇರೆಯದೇ ಊಟ. ಸಂತೆಯ ಧಾರಣೆ, ಸೋಬಾನೆ ಪದ, ಕಳೆದುಹೋದ ಆಡಿನ ಸುದ್ದಿ, ಪೋಲಿಯೊ ಹನಿಯ ದಿನಾಂಕ. ಸರೋವರದ ದಂಡೆಯಲ್ಲಿ ನಿದ್ದೆ ಹತ್ತುತ್ತಿತ್ತು. ಇಲ್ಲಿ ಒಂದು ಗಳಿಗೆಯೂ ಬೇಸರವಿರಲಿಲ್ಲ.

ಊರಾಚೆ ಕಲ್ಲಿನ ಕ್ವಾರಿಗಳಿದ್ದವು. ಅಲ್ಲಿ ದುಡಿಯುವವರ ಮಕ್ಕಳಿಗಾಗಿ ಹೊರದೇಶದ ದಾನಿಗಳ ಒಂದು ಸಂಘ ಊಟದ ಮನೆ ನಡೆಸುತ್ತಿತ್ತು. ಅಡುಗೆ ಹುಲಿಗೆವ್ವನದು. ಅಪ್ಪ ಅವ್ವ ಬೆಳಿಗ್ಗೆ ಕಲ್ಲಿಗೆ ಹೋದರೆ ಬರುವುದು ಸಂಜೆಗೆ. ಆ ಮಕ್ಕಳು ದಿನದಲ್ಲಿ ಬಿಸಿ ಅನ್ನ ಕಾಣುತ್ತಿದ್ದುದು ಹುಲಿಗೆವ್ವನ ಕೈಯಿಂದ ಮಾತ್ರ. ಆಕೆಗೆ ಓದು ಬರಹ ಬಾರದು. ಅಂಥವರಿಗೆ ಅನುಕೂಲವಾಗಲೆಂದೇ ಸಂಘದವರು ಮಾತಾಡುವ ಯಂತ್ರವೊಂದನ್ನು ತಂದರು. ಫೋನು ಮಾಡಿದರೆ ಯಂತ್ರ ಕನ್ನಡದಲ್ಲಿ ಪ್ರಶ್ನೆ ಕೇಳುತ್ತದೆ, ಅಡುಗೆಯವರು ಬಾಯಲ್ಲಿ ಉತ್ತರ ಹೇಳಿದರಾಯಿತು, ಬೇಕಾದ ಸಾಮಾನು ಬರುತ್ತದೆ. ಈ ಸುದ್ದಿ ಹೊರಟದ್ದು ನನ್ನ ಮೂಲಕವೇ. ದೊಡ್ಡವರ ಮಾತು ಗಾಳಿಗೆ ಹೋಗಲಿಲ್ಲವಲ್ಲ ಎಂದು ನನಗೆ ಹಿಗ್ಗೋ ಹಿಗ್ಗು.

ಎಲ್ಲರಿಗೂ ತಿಳಿಯಲೆಂದು ಜೈತುನಬಿ ಹುಲಿಗೆವ್ವನನ್ನು ರೇಡಿಯೊಕ್ಕೆ ಕರೆಸಿ, ಮೊದಲ ಫೋನನ್ನು ನನ್ನೆದುರಿಗೇ ಮಾಡಿಸಿದಳು.

"ನಮಸ್ಕಾರ. ನಿಮ್ಮಲ್ಲಿ ಅಕ್ಕಿಯ ಸ್ಥಿತಿ ಹೇಗಿದೆ, ತಿಳಿಸಿ" ಎಂದಿತು ಯಂತ್ರ.

ಹುಲಿಗೆವ್ವ ಸೆರಗು ಸರಿಮಾಡಿಕೊಂಡು, ದೊಡ್ಡ ಅಧಿಕಾರಿ ಎದುರಿಗಿದ್ದಾನೆಂಬಂತೆ ಹೇಳಿದಳು. "ಅಕ್ಕಿ ಹೆಚ್ಚಾಗ್ಯಾವ್ರಿ."

"ಧನ್ಯವಾದ. ಅಕ್ಕಿ ಹೆಚ್ಚಾಗಿದೆ ಎಂದು ತಿಳಿದುಕೊಂಡಿದ್ದೇವೆ."

ಹುಲಿಗೆವ್ವನ ಮುಖ ಅರಳಿತು. "ನೋಡ ಜೈತುನಾ, ಮಷಿನ್ನಿಗೂ ಎಷ್ಟು ಮನಿತನದ ರೀತಿ ಐತಿ. ತಾನೂ ಹೆಚ್ಚಾಗೈತಿ ಅಂತನ ಅಂತು." ಕೋಣೆಯಲ್ಲಿದ್ದವರೆಲ್ಲ ಹೌದೌದೆಂದು ತಲೆಯಾಡಿಸಿದರು. ಅಕ್ಕಿ ಇನ್ನೇನು ಬಂತು ಎಂದುಕೊಂಡರು.

ಅಕ್ಕಿ ಬರಲಿಲ್ಲ. ಬರುವುದಾದರೂ ಹೇಗೆ? ಆ ಸೀಮೆಯಲ್ಲಿ ಒಲೆಯ ಮುಂದೆ ನಿಂತು ಅಕ್ಕಿ ಇಲ್ಲ, ಉಪ್ಪು ಮುಗಿಯಿತು ಅನ್ನಬಾರದು. ಮೇಲಿನಿಂದ ದೇವತೆಗಳು ಅಸ್ತು ಅಂದುಬಿಟ್ಟರೆ ಮನೆಯಲ್ಲಿ ಇಲ್ಲ ಎಂಬುದೇ ನಿಂತುಬಿಡುತ್ತದೆ ಎಂಬ ಅಂಜಿಕೆ. ಅದಕ್ಕೇ ಮುಗಿದದ್ದಕ್ಕೆ ಹೆಚ್ಚಾಯಿತು ಅನ್ನುತ್ತಾರೆ. ಇದು ಜೈತುನಬಿಗೂ ಗೊತ್ತು, ಓಣಿಯ ಸಣ್ಣ ಹುಡುಗಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಂತ್ರಕ್ಕೆ ಗೊತ್ತಿಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ. ಯಂತ್ರ ಓದಿ ಕಲಿತದ್ದು ಪತ್ರಿಕೆಯ ಕನ್ನಡ. ಹೆಚ್ಚಾಗಿದೆ ಅಂದರೆ ತುಂಬಿ ತುಳುಕುತ್ತಿದೆ ಎಂದೇ ಅದರ ತಿಳಿವಳಿಕೆ.

ಹುಲಿಗೆವ್ವ ಮತ್ತೆ ಫೋನು ಮಾಡಿದಳು. ಈ ಸಲ ದನಿ ಏರಿಸಿ, "ಭಾಳ ಹೆಚ್ಚಾಗ್ಯಾವ್ರಿ. ಪೂರಾ ಹೆಚ್ಚಾಗ್ಯಾವ. ಎಣ್ಣಿನೂ ಹೆಚ್ಚಾಗೈತಿ" ಎಂದಳಂತೆ. ಯಂತ್ರ "ತುಂಬಾ ಸಂತೋಷ" ಅಂದಿತಂತೆ. ಇವಳಿಗೆ ಬರಬೇಕಾದ ಚೀಲಗಳು ಬೇರೆ ಊರಿಗೆ ಹೋದವು. ಹುಲಿಗೆವ್ವ ಮನೆಮನೆಗೆ ಹೋಗಿ ಹಿಡಿ ಹಿಡಿ ನುಚ್ಚು ತಂದು ಗಂಜಿ ಕಾಸಿದಳು. ಗಂಜಿ ದಿನದಿಂದ ದಿನಕ್ಕೆ ನೀರಾಯಿತು. ಒಂದೆರಡು ಮಕ್ಕಳು ಬರುವುದನ್ನೇ ಬಿಟ್ಟು ಕಲ್ಲಿನ ಕಡೆಗೆ ಹೋದವು. ಜೈತುನಬಿ ಇದನ್ನೆಲ್ಲ ನನ್ನ ಮುಂದೆ ಕೂತು ಹೇಳಿಕೊಳ್ಳುವಾಗ ಅವಳ ದನಿ ಒಡೆಯುತ್ತಿತ್ತು. ನನಗೆ ಬಾಯಿಲ್ಲದ್ದು ಅಷ್ಟು ದುಃಖ ಕೊಟ್ಟದ್ದು ಅದೇ ಮೊದಲು.

ಅಷ್ಟರಲ್ಲಿ ಸಂಘದಿಂದ ಇನ್ನೊಂದು ಸುದ್ದಿ ಬಂತು. ಆ ಊಟದ ಮನೆಯಲ್ಲಿ ಅಕ್ಕಿ ರಾಶಿ ಬಿದ್ದಿದೆ, ಆದರೆ ಮಕ್ಕಳಿಗೆ ನೀರುಗಂಜಿ. ಅಡುಗೆಯವಳು ಅಕ್ಕಿ ಹೊರಗೆ ಸಾಗಿಸುತ್ತಿರಬೇಕು. ಹಾಗಿದ್ದರೆ ಊಟದ ಮನೆಯನ್ನೇ ಮುಚ್ಚುವುದು ಎಂದು. ವಿಚಾರಿಸಲು ಇಂದುಧರ ಎಂಬಾತ ಬಂದ. ಬೆಂಗಳೂರಿನಲ್ಲೇ ಬೆಳೆದವನು, ಮಾತಾಡುವ ಯಂತ್ರವನ್ನು ತಯಾರಿಸಿದವರಲ್ಲಿ ಒಬ್ಬ. ಮನುಷ್ಯ ಕೆಟ್ಟವನಲ್ಲ. ಊಟದ ಮನೆಗೆ ಹೋಗಿ ಖಾಲಿ ಡಬ್ಬಿಗಳನ್ನು ನೋಡಿ, ನೇರ ರೇಡಿಯೊಕ್ಕೆ ಬಂದ. ನಾಲ್ಕು ಜನರ ಮುಂದೆ ಮಾತು ಆಗಲಿ, ಹೇಳಿದ್ದು ರೆಕಾರ್ಡೂ ಆಗಲಿ ಎಂದು ಹುಲಿಗೆವ್ವನನ್ನು ನನ್ನೆದುರು ಕೂರಿಸಿದ. ನನ್ನ ಕೆಂಪು ದೀಪ ಹತ್ತಿತು.

"ನಿಮ್ಮ ಅಕ್ಕಿ ಎಲ್ಲಿ ಹೋಯ್ತು ಹುಲಿಗೆಮ್ಮನವರೇ?"

"ಹೆಚ್ಚಾಗ್ಯಾವಂತ ಹೇಳೀನಲ್ರಿ."

"ಅದೇ ಕೇಳ್ತಿರೋದು. ಹೆಚ್ಚಾಗಿದ್ರೆ ಎಲ್ಲಿದೆ?"

"ಹೆಚ್ಚಾದಮ್ಯಾಗ ಎಲ್ಲಿಂದ ಇರ್ತಾವ್ರಿ ಸಾಹೇಬ್ರ? ಹುಚ್ಚರಂಗ ಕೇಳ್ತೀರಲ್ಲ."

ಇಂದುಧರನ ಮುಖ ಕೆಂಪಾಯಿತು. "ನೋಡಿ, ನಾನು ಮರ್ಯಾದೆಯಿಂದ ಕೇಳ್ತಿದ್ದೀನಿ. ಅಕ್ಕಿ ಮಾರಿದ್ರೆ ಮಾರಿದೆ ಅಂತ ಹೇಳಿಬಿಡಿ."

ಕಳ್ಳಿ ಎಂದು ಮುಖದ ಮೇಲೆ ಅಂದಂತಾಯಿತು. ಹುಲಿಗೆವ್ವನ ಉಸಿರು ನನ್ನ ಓಡನಿಯ ತುಂಡಿಗೆ ಬಿಸಿಯಾಗಿ ತಾಗಿತು. "ಕೂಸುಗೋಳ ಬಾಯಾಗಿನ ತುತ್ತು ಮಾರ್ತೀನೇನ್ರಿ ನಾ?" ಎಂದವಳೇ ಏಳಲು ಹೋಗಿ ಕೈಯನ್ನು ಮೇಜಿಗೆ ಬಡಿದುಕೊಂಡಳು. ಹಸಿರು ಗಾಜಿನ ಬಳೆಯೊಂದು ಚಿಟ್ಟೆಂದು ಎರಡಾಗಿ ನನ್ನ ಬುಡಕ್ಕೆ ಬಿತ್ತು.

ಸಿಟ್ಟು, ಅಳು ಎಲ್ಲ ಅಲ್ಲೇ ನಿಂತಿತು. ಹುಲಿಗೆವ್ವ ಚೂರುಗಳನ್ನು ಆರಿಸಿ ಕಣ್ಣಿಗೊತ್ತಿಕೊಂಡು ಮೆಲ್ಲಗೆ, "ಬಳಿ ಹೆಚ್ಚಾತು" ಎಂದಳು.

"ಏನಂದ್ರಿ?"

"ಬಳಿ ಹೆಚ್ಚಾತ್ರಿ."

"ಒಡೆದುಹೋಗಿದೆಯಲ್ಲ?"

"ಹಂಗನ್ನಬಾರದ್ರಿ ಸರ್ರ" ಎಂದು ಜೈತುನಬಿ ನಡುವೆ ಬಂದಳು. "ಮುತ್ತೈದಿ ಕೈಯಾನ ಬಳಿ ಒಡೀತು ಅಂತಾರೇನು? ಹೆಚ್ಚಾತು ಅನಬೇಕು."

ಇಂದುಧರ ಚೂರುಗಳನ್ನೇ ನೋಡುತ್ತ ಕೂತ. ಆಮೇಲೆ ಬಹಳ ನಿಧಾನವಾಗಿ ಕೇಳಿದ. "ಮತ್ತೆ... ಅಕ್ಕಿ?"

"ಅದೂ ಹಂಗರಿ" ಎಂದಳು ಹುಲಿಗೆವ್ವ. "ಅಡಗಿಮನ್ಯಾಗ ನಿಂತು ಮತ್ತೇನಂತ ಹೇಳೂದು?"

ಇಂದುಧರ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ, ನನಗೆ ಕೇಳಿಸಿದ್ದು ಎರಡೂ ಬೆರೆತ ಸದ್ದು. "ನಮ್ಮಜ್ಜಿ ದೀಪ ದೊಡ್ಡದು ಮಾಡು ಅಂದಿದ್ರು ಒಂದ್ಸಲ" ಎಂದ. "ನಾನು ಬತ್ತಿ ಏರಿಸಿಬಿಟ್ಟೆ. ಆರಿಸು ಅಂತ ಅರ್ಥ ಅಂತೆ. ಬೈಸ್ಕೊಂಡಿದ್ದು ಮರೆತೇ ಹೋಗಿತ್ತು ನೋಡಿ." ಅಲ್ಲೇ ಫೋನು ತೆಗೆದು ಹತ್ತಿರದ ಗೋದಾಮಿಗೆ ಮಾತಾಡಿದ. ಸಂಜೆಯೊಳಗೆ ಚೀಲಗಳು ಬಂದವು. ಹೋಗುವಾಗ ಹುಲಿಗೆವ್ವನಿಗೆ ಕೈಮುಗಿದು, "ತಪ್ಪಾಯ್ತಮ್ಮ" ಎಂದ. ಆಕೆ, "ಇರ್ಲಿ ಬಿಡ್ರಿ, ಉಂಡು ಹೋಗ್ರಿ" ಎಂದಳು.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಸಂಘದ ದೊಡ್ಡವರು, ಸುಲಭದ ದಾರಿ ಇದೆಯಲ್ಲ, ಅಡುಗೆಯವರಿಗೇ ನೇರವಾಗಿ ಮಾತಾಡಲು ಕಲಿಸಿ, ಆಗದಿದ್ದರೆ ಆ ಊಟದ ಮನೆ ಬೇಡ ಎಂದರು. ಹುಲಿಗೆವ್ವ ಪ್ರಯತ್ನ ಪಟ್ಟಳು. ನನ್ನ ಮುಂದೆ ಕೂತು ಜೈತುನಬಿ ಹೇಳಿಕೊಟ್ಟಂತೆ "ಅಕ್ಕಿ ಇ..." ಎನ್ನುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡಳು. "ಬ್ಯಾಡವ್ವಾ. ಅಷ್ಟು ಕೂಸುಗೋಳು ಉಣ್ಣೂ ಮನಿ ಅದು. ನಾ ಅನ್ನಂಗಿಲ್ಲ" ಎಂದು ಎದ್ದಳು. ಊಟದ ಮನೆ ಮತ್ತೆ ತೂಗುಯ್ಯಾಲೆಯಲ್ಲಿ ಕೂತಿತು.

ಆಗ ಇಂದುಧರ ಒಂದು ಕೆಲಸ ಮಾಡಿದ. ಅಂದು ನನ್ನ ಮೂಲಕ ರೆಕಾರ್ಡಾದ ಮಾತನ್ನು, ಬಳೆಯ ಚಿಟ್ಟೆಂಬ ಸದ್ದಿನ ಸಮೇತ, ಹೊರದೇಶದ ದಾನಿಗಳ ಸಭೆಗೆ ಕೇಳಿಸಿದ. ಒಂದೊಂದೇ ಮಾತಿನ ಅರ್ಥ ಬಿಡಿಸಿ ಹೇಳಿದ. ಅವರು ಮೊದಲು ನಕ್ಕರಂತೆ, ಆಮೇಲೆ ಇನ್ನೊಮ್ಮೆ ಕೇಳಿಸು ಅಂದರಂತೆ. ಒಬ್ಬ ಮುದುಕ ದಾನಿ, ನಮ್ಮ ಹಳ್ಳಿಯಲ್ಲೂ ಹೀಗೆಯೇ ಕೆಲವು ಮಾತು ಬಾಯಿಬಿಟ್ಟು ಆಡುತ್ತಿರಲಿಲ್ಲ ಎಂದನಂತೆ. ಯಂತ್ರವೇ ಕಲಿಯಲಿ, ಅಲ್ಲಿಯವರೆಗೆ ಅಕ್ಕಿ ತಪ್ಪದೆ ಹೋಗಲಿ ಎಂದು ತೀರ್ಮಾನವಾಯಿತು. ಇದನ್ನೆಲ್ಲ ಇಂದುಧರ ರೇಡಿಯೊಕ್ಕೆ ಬಂದು ಹೇಳಿದಾಗ ಜೈತುನಬಿ ಓಡಿಹೋಗಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಆಮೇಲೆ ನನ್ನ ಬಾಳಿನ ಹಬ್ಬದ ದಿನಗಳು. ಸುತ್ತಲಿನ ಊರುಗಳಿಂದ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದರು. ಒಬ್ಬೊಬ್ಬರೂ ನನ್ನೆದುರು ಕೂತು ತಮ್ಮ ಮನೆಯ ಮಾತು ಹೇಳಿದರು. ಲಂಬಾಣಿ ತಾಂಡಾದ ಮುದುಕಿ ತನ್ನ ಮಾತಿನಲ್ಲಿ ಹೇಳಿದಳು. ಮಾತು ಬಾರದ ಮಗಳ ಕೈಸನ್ನೆಯನ್ನು ತಾಯಿಯೊಬ್ಬಳು ಬಿಡಿಸಿ ಹೇಳಿದಳು. "ಎಲ್ಲರೂ ಸೇರಿ ಮಷಿನ್ನಿಗೆ ಸಾಲಿ ಕಲಿಸಾಕತ್ತೇವಿ ನೋಡು" ಎಂದು ಹುಲಿಗೆವ್ವ ಬಾಗಿಲಲ್ಲೇ ಕೂತು ಬಂದವರಿಗೆಲ್ಲ ಚಹಾ ಕೊಟ್ಟಳು. ಯಂತ್ರ ಆ ಸೀಮೆಯ ದನಿಯಲ್ಲೇ ಮಾತಾಡಲೆಂದು ಜೈತುನಬಿಯ ಮಾತುಗಳನ್ನೂ ನಾನೇ ಹಿಡಿದುಕೊಟ್ಟೆ.

ಕಲಿತ ಯಂತ್ರಕ್ಕೆ ಮೊದಲ ಫೋನು ಮತ್ತೆ ಹುಲಿಗೆವ್ವನದೇ.

"ಅಕ್ಕಿ ಹೆಚ್ಚಾಗ್ಯಾವ್ರಿ."

"ಹೆಚ್ಚಾಗ್ಯಾವಂದ್ರ ಚೀಲ ಕಳಿಸಬೇಕೇನ್ರಿ?" ಎಂದಿತು ಯಂತ್ರ, ಜೈತುನಬಿಯ ದನಿಯಲ್ಲಿ.

ಹುಲಿಗೆವ್ವ ಸಿಡುಕಿದಳು. "ಯಾಕ ಜೈತುನಾ, ಗೊತ್ತಿಲ್ಲೇನು ನಿನಗ? ಲಗೂ ಕಳಸು." ಪಕ್ಕದಲ್ಲೇ ಕೂತಿದ್ದ ನಿಜವಾದ ಜೈತುನಬಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಮರುದಿನ ಬೆಳಿಗ್ಗೆ ಚೀಲ ಬಂತು. ಕಲ್ಲಿನ ಕಡೆಗೆ ಹೋಗಿದ್ದ ಮಕ್ಕಳೂ ಬಂದವು.

ಈಗ ನನಗೆ ವಯಸ್ಸಾಗಿದೆ. ಪರದೆಗೆ ಧೂಳು ಹತ್ತಿ ಕಿವಿ ಮಂದವಾಗಿದೆ. ಎಲ್ಲರ ಮಾತೂ ಹತ್ತಿಯೊಳಗಿಂದ ಬಂದಂತೆ ಕೇಳುತ್ತದೆ. ಮೊನ್ನೆ ಜೈತುನಬಿ ಹೊಸ ಮೈಕು ಕೂರಿಸಿ ನನ್ನನ್ನು ಗೂಡಿನಲ್ಲಿಟ್ಟಳು. ಅದೇ ಹೊತ್ತಿಗೆ ಬಂದ ಹುಲಿಗೆವ್ವ, "ಹಳೇದು ಎಲ್ಲೈತಿ?" ಎಂದು ಕೇಳಿದಳು.

"ಅದು ಕೆಟ್ಟುಹೋತಕ್ಕಾ. ಗುಜರಿಗೆ ಹಾಕೂದು."

"ನಿನ್ನ ಬಾಯಾಗ ಎಂಥಾ ಮಾತು ಬರ್ತಾವ. ಕೂಸುಗೋಳಿಗೆ ಅನ್ನ ತಂದ ಕಿವಿ ಅದು. ಕೆಟ್ಟಿಲ್ಲ. ಹೆಚ್ಚಾಗೈತಿ ಅನ್ನು."

ಲೋಕದ ದೊಡ್ಡ ದೊಡ್ಡವರು ನನ್ನ ಮುಂದೆ ಆಡಿದ ಮಾತುಗಳನ್ನೆಲ್ಲ ಕೇಳಿದ್ದೇನೆ. ನನ್ನ ಬಗ್ಗೆ ಯಾರಾದರೂ ಆಡಿದ ಒಳ್ಳೆಯ ಮಾತು ಇದೊಂದೇ. ಕಿವಿ ಮಂದವಾಗಿದ್ದರೂ ಸ್ಪಷ್ಟವಾಗಿ ಕೇಳಿಸಿತು. ಜೈತುನಬಿ ಗೂಡಿನ ಹತ್ತಿರ ಬಂದು, ನನ್ನ ತಲೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, "ಹೌದಕ್ಕಾ, ಹೆಚ್ಚಾಗೈತಿ" ಎಂದಳು.