ಪಕ್ಕದ ಸೀಟಿನ ಬ್ರೇಕು

ಮಳೆಗಾಲ ಮುಗಿದು ಚಳಿ ಇನ್ನೂ ಕಾಲಿಡದ ಆ ನಡುವಣ ದಿನಗಳಲ್ಲಿ, ಮುಂಜಾನೆಯ ಹೆದ್ದಾರಿಯನ್ನು ನೀವು ನೋಡಿದ್ದೀರಾ, ಸಹೃದಯರೇ? ಊರಿನ ಕೊನೆಯ ದೀಪದ ಕಂಬವನ್ನು ದಾಟಿದೊಡನೆ ಅದು ಪೇಟೆಯ ಸಂಕೋಚವನ್ನೆಲ್ಲ ಕಳಚಿಟ್ಟು, ಹಸಿರಿನ ನಡುವೆ ನೀಳವಾಗಿ ಮೈಚಾಚಿ, ಇಬ್ಬನಿಯಲ್ಲಿ ಮಿಂದು, ಮೂಡಣದ ಮೊದಲ ಹೊಂಬೆಳಕನ್ನು ಹೊದ್ದು ಮಲಗಿರುತ್ತದೆ... ಬಾ ಎನ್ನುವುದಿಲ್ಲ, ಬರಬೇಡ ಎನ್ನುವುದೂ ಇಲ್ಲ. ಆದರೂ ಅದನ್ನು ಕಂಡ ಕ್ಷಣದಲ್ಲಿ ಎಂಥ ಗೃಹಸ್ಥರ ಎದೆಯಲ್ಲೂ ಒಬ್ಬ ಅಲೆಮಾರಿ ಎದ್ದು ಕೂರುತ್ತಾನೆ! ಸೋರುವ ನಲ್ಲಿ, ಕರೆಯದೆ ಬರುವ ನೆಂಟರು, ನಿನ್ನೆ ಆಡಿದ ಮಾತು, ನಾಳೆ ಆಡಬೇಕಾದ ಮಾತು, ಎಲ್ಲವೂ ಹಿಂಬದಿಯ ಕನ್ನಡಿಯಲ್ಲಿ ಚಿಕ್ಕದಾಗುತ್ತ, ಚಿಕ್ಕದಾಗುತ್ತ ಕರಗಿಹೋಗುವ ಆ ಸುಖ ಮನೆಯೊಳಗೆ ಕೂತವರಿಗೆ ದಕ್ಕುವಂಥದಲ್ಲ.

ಅಂಥದೊಂದು ಬೆಳಗಿನಲ್ಲಿ ಹಳೆಯ ಬಿಳಿ ಕಾರೊಂದು ಊರು ಬಿಟ್ಟು ಹೊರಟಿತ್ತು. ಓಡಿಸುತ್ತಿದ್ದವಳು ಕಾರಿನ ಸೀಟುಗಳಿಗೆ ಕವರು ಹೊಲಿದು ಬದುಕು ಕಟ್ಟಿಕೊಂಡವಳು, ಹಿಂದಿನ ವರ್ಷದ ಮಳೆಗಾಲದಲ್ಲಿ ಗಂಡನನ್ನು ಕಳೆದುಕೊಂಡವಳು. ಪಕ್ಕದ ಸೀಟಿನಲ್ಲಿ ಅವಳ ನಾದಿನಿ. ಆಸ್ಪತ್ರೆಯ ನರ್ಸಾಗಿ ರಕ್ತ, ಸಾವು, ನರಳಾಟ ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿ ನಿವೃತ್ತಳಾದ ಆಕೆ, ಕಾರು ಹತ್ತಿದರೆ ಮಾತ್ರ ಜೀವವನ್ನು ಕೈಯಲ್ಲಿ ಹಿಡಿದು ಕೂರುವಳು. ಎದುರಿಗೆ ಲಾರಿ ಕಂಡರೆ ದೇವರ ಹೆಸರು, ಲಾರಿ ದಾಟಿದರೆ ಲಾರಿಯವನಿಗೆ ಶಾಪ, ಮತ್ತೆ ಊರ ಸುದ್ದಿ. ಆ ನಾದಿನಿಯ ಪಾದದ ಬಳಿ, ಬೇರೆ ಕಾರುಗಳಲ್ಲಿ ಕಾಣದ ಒಂದು ವಸ್ತುವಿತ್ತು. ಅದು ಎರಡನೆಯ ಬ್ರೇಕು.

ಡ್ರೈವಿಂಗ್ ಕಲಿಸುವ ಮೇಷ್ಟ್ರ ಕಾರಿನಲ್ಲಿ ಅಂಥದೊಂದು ಇರುತ್ತದೆ. ಕಲಿಯುವವರ ಕೈಕಾಲು ನಡುಗಿ ಬುದ್ಧಿ ಕೈಕೊಟ್ಟಾಗ ಪಕ್ಕದಲ್ಲಿ ಕೂತ ಮೇಷ್ಟ್ರು ಅದನ್ನು ಒತ್ತಿದರೆ, ಕಬ್ಬಿಣದ ಸರಳೊಂದು ಆ ಒತ್ತಡವನ್ನು ಆಚೆ ಬದಿಯ ಬ್ರೇಕಿಗೆ ದಾಟಿಸಿ ಕಾರನ್ನು ನಿಲ್ಲಿಸುತ್ತದೆ. ಓಡಿಸುತ್ತಿದ್ದವಳ ಗಂಡ ಅಂಥ ಮೇಷ್ಟ್ರು. ಊರಿನ ಅರ್ಧ ಜನ ಅವನ ಕೈಯಲ್ಲಿ ಕಲಿತವರು.

ಈಗ ಕಡಲ ತೀರದ ಊರೊಂದರಲ್ಲಿ ಅವನ ಹಳೆಯ ಶಿಷ್ಯನೊಬ್ಬ ಡ್ರೈವಿಂಗ್ ಶಾಲೆ ತೆರೆದಿದ್ದ. ಗುರುವಿನ ಕಾರು ತನ್ನ ಶಾಲೆಗೆ ಬೇಕೆಂದು ಭಕ್ತಿಯಿಂದ ಕೇಳಿಕೊಂಡಿದ್ದ. ಅವಳು ಒಂದೇ ಮಾತಿಗೆ ಒಪ್ಪಿಬಿಟ್ಟಿದ್ದಳು. ಕಾರನ್ನು ಅವನಿಗೆ ಒಪ್ಪಿಸಿ, ಬಸ್ಸು ಹಿಡಿದು ಹಿಂದಿರುಗುವುದು ಎಂದು ತೀರ್ಮಾನವಾಗಿತ್ತು. ಮನೆಯ ಮುಂದೆ ಅದು ನಿಂತಿರುವುದನ್ನು ನೋಡುವುದು ಅವಳಿಂದ ಆಗುತ್ತಿರಲಿಲ್ಲ. ಜನ ಅದನ್ನು ವಿರಹವೆಂದು ತಿಳಿದು ಕನಿಕರಪಟ್ಟರು. ವಿರಹ ಇತ್ತು, ಸುಳ್ಳಲ್ಲ... ಆದರೆ ಅದರ ಕೆಳಗೆ ಇನ್ನೂ ಆರದ ಒಂದು ಮುನಿಸು ಇತ್ತು. ತೀರಿಕೊಂಡವನ ಮೇಲಿನ ಮುನಿಸು! ಅದನ್ನು ಯಾರ ಹತ್ತಿರ ತೋಡಿಕೊಳ್ಳುವುದು, ಯಾರೊಡನೆ ರಾಜಿಯಾಗುವುದು?

ಅವರ ಪ್ರೇಮ ಮೊಳೆತದ್ದೂ ಇದೇ ಕಾರಿನಲ್ಲಿ. ಗ್ಯಾರೇಜುಗಳ ಬೀದಿಯ ತುದಿಯಲ್ಲಿ, ಎಣ್ಣೆಯ ಕಮಟಿನ ನಡುವೆ, ಅವಳ ಹೊಲಿಗೆ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಗುನುಗುತ್ತಿದ್ದ ಆ ಸಣ್ಣ ಅಂಗಡಿಗೆ ಒಂದು ದಿನ ಅವನು ಹರಿದ ಸೀಟನ್ನು ಹೊತ್ತು ತಂದಿದ್ದ.

“ಇದೇನು ಮೇಷ್ಟ್ರೇ, ನಿಮ್ಮ ಶಿಷ್ಯರು ಗಾಡಿ ಕಲಿಯೋಕೆ ಬರ್ತಾರೋ, ಸೀಟು ಕಚ್ಚೋಕೆ ಬರ್ತಾರೋ?” ಎಂದು ಅವಳು ತಲೆಯೆತ್ತದೆ ಕೇಳಿದ್ದಳು.

“ಭಯಕ್ಕೆ ಉಗುರು ಇರುತ್ತಲ್ಲ,” ಎಂದು ಅವನು ನಕ್ಕಿದ್ದ. “ನಿಮ್ಮ ಸೂಜಿಗಿಂತ ಮಾತೇ ಚೂಪಾಗಿದೆ.”

ಅಂದಿನಿಂದ ಅವನ ಬಾಯಲ್ಲಿ ಅವಳ ಹೆಸರು ಸೂಜಿ. ಸೀಟು ಮತ್ತೆ ಮತ್ತೆ ಹರಿಯತೊಡಗಿತು, ಹರಿಯದಿದ್ದ ವಾರವೂ ಅವನು ಬರತೊಡಗಿದ. ಕಡೆಗೆ ಗಾಡಿ ಕಲಿಸುವ ನೆಪ ಹೂಡಿದ. ಮೈದಾನದ ಅಂಚಿನಲ್ಲಿ, ಆಗತಾನೆ ನಿಂತ ಮಳೆಯ ನೀರು ಗುಂಡಿಗಳಲ್ಲಿ ಆಕಾಶವನ್ನು ತುಂಬಿಕೊಂಡಿದ್ದ ಒಂದು ಸಂಜೆ, ಅವಳ ಕೈ ಮೊದಲ ಬಾರಿ ಗೇರಿನ ಮೇಲೆ ತಡವರಿಸಿದಾಗ ಅವನ ಕೈ ಬಂದು ಅದನ್ನು ಮುಚ್ಚಿತು... ಗೇರು ಬಿದ್ದ ಮೇಲೂ ಆ ಕೈ ಅಲ್ಲೇ ಉಳಿಯಿತು. ಇಬ್ಬರೂ ಎದುರಿನ ದಾರಿಯನ್ನೇ ನೋಡುತ್ತಿದ್ದರು. ಆ ವರ್ಷವೇ ಮದುವೆಯಾಯಿತು.

ಜೀವಮಾನವೆಲ್ಲ ಅವನು ಓಡಾಡಿದ ದಾರಿಯನ್ನು ಉದ್ದಕ್ಕೆ ಬಿಡಿಸಿ ಹಾಸಿದ್ದರೆ ಭೂಮಂಡಲವನ್ನೇ ಸುತ್ತಿ ಬರಬಹುದಾಗಿತ್ತು. ಆದರೆ ಅವನು ಸುತ್ತಿದ್ದೆಲ್ಲ ಅದೇ ಮೈದಾನ, ಅದೇ ಅಂಚೆ ಕಚೇರಿಯ ಬೀದಿ, ಅದೇ ಆಸ್ಪತ್ರೆಯ ಏರು! ಗಾಣದೆತ್ತಿನಂತೆ ಸುತ್ತಿ ಸುತ್ತಿ ದಣಿದು ಬಂದ ಸಂಜೆಗಳಲ್ಲಿ, ಕಾಲು ನೀಡಿ ಕೂತು ಅವನು ಒಂದೇ ಕನಸನ್ನು ಹೇಳುತ್ತಿದ್ದ.

“ಕೆಲಸ ಬಿಟ್ಟ ಮೇಲೆ ಒಂದ್ಸಲ ಹೊರಟುಬಿಡೋಣ ಸೂಜಿ. ರಸ್ತೆ ಮುಗಿಯೋವರೆಗೂ ಗಾಡಿ ತಿರುಗಿಸೋದೇ ಬೇಡ. ನೀನು ಓಡಿಸು. ನಾನು ಪಕ್ಕದಲ್ಲಿ ಕೂತು ಹಾಡು ಹೇಳ್ತೀನಿ.”

“ಹಾಡ್ತೀರೋ, ಬ್ರೇಕ್ ಒತ್ತುತ್ತೀರೋ?” ಎನ್ನುತ್ತಿದ್ದಳು ಅವಳು. ಮೊದಮೊದಲು ಅದು ಬರಿಯ ತಮಾಷೆ. ಆಮೇಲಾಮೇಲೆ ತಮಾಷೆಯಾಗಿ ಉಳಿಯಲಿಲ್ಲ. ಅವಳು ಎಷ್ಟು ಚೆನ್ನಾಗಿ ಓಡಿಸಿದರೂ ಅವನ ಪಾದ ಆ ಎರಡನೆಯ ಬ್ರೇಕಿನ ಮೇಲೆಯೇ ಕಾವಲು ಕೂತಿರುತ್ತಿತ್ತು. ಅವಳು ನೋಡಿಯಾದ ನಾಯಿಗೆ ಅವನು ಬ್ರೇಕು ಹಾಕುವನು, ಅವಳು ಆಗಲೇ ನಿಧಾನಿಸಿದ ತಿರುವಿನಲ್ಲಿ ಅವನೂ ನಿಧಾನಿಸುವನು. ಒಮ್ಮೆ ಅವಳ ಅಣ್ಣ, ಅತ್ತಿಗೆ ಹಿಂದಿನ ಸೀಟಿನಲ್ಲಿ ಕೂತಿದ್ದಾಗ, ರಸ್ತೆಗೆ ಉರುಳಿ ಬಂದ ಚೆಂಡನ್ನು ಕಂಡು ಅವಳು ಬ್ರೇಕಿಗೆ ಕಾಲಿಡುವ ಮೊದಲೇ ಅವನು ಎಷ್ಟು ಜೋರಾಗಿ ಒತ್ತಿದನೆಂದರೆ ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ಅಣ್ಣ ನಕ್ಕ. ಅವಳು ಕಾರನ್ನು ಬದಿಗೆ ನಿಲ್ಲಿಸಿ ಕೀಲಿಯನ್ನು ಗಂಡನ ಕೈಗಿತ್ತಳು.

“ಊರಿನವರಿಗೆಲ್ಲ ಲೈಸೆನ್ಸ್ ಕೊಡಿಸಿದ್ರಿ. ಹೆಂಡತಿಗೆ ಮಾತ್ರ ಕೊನೆವರೆಗೂ ಎಲ್ ಬೋರ್ಡು! ಆ ಬ್ರೇಕು ಅಲ್ಲಿರೋವರೆಗೂ ನಿಮ್ಮ ಜೊತೆ ನಾನು ಗಾಡಿ ಓಡಿಸಲ್ಲ.”

ಅಷ್ಟೇ. ದೊಡ್ಡ ಜಗಳವಾಗಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡರು, ಒಬ್ಬರ ಜ್ವರಕ್ಕೆ ಒಬ್ಬರು ಎದ್ದು ಕೂತರು. ಆದರೆ ಅವನಿರುವವರೆಗೆ ಆ ಕಾರಿನಲ್ಲಿ ಅವಳು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ, ಅವನು ಹಿಡಿ ಎನ್ನಲಿಲ್ಲ. ಪ್ರೀತಿ ತುಂಬಿದ ಮನೆಯಲ್ಲೂ ಬಾಗಿಲು ತೆರೆಯದ ಒಂದು ಸಣ್ಣ ಕೋಣೆ ಇರಬಲ್ಲದು, ಓದುಗರೇ. ಮನೆಯವರು ಅದರ ಮುಂದೆಯೇ ದಿನವೂ ಓಡಾಡುತ್ತಿರುತ್ತಾರೆ.

ಕಡೆಗೆ ಅವನು ಕೆಲಸ ಬಿಟ್ಟ. ಆ ದಿನಕ್ಕೆಂದು ಅವಳು ಕಾರಿನ ಸೀಟುಗಳಿಗೆಲ್ಲ ಶರತ್ಕಾಲದ ಆಕಾಶದಂಥ ನೀಲಿ ಬಟ್ಟೆಯ ಹೊಸ ಕವರು ಹೊಲಿದು ಕೊಟ್ಟಳು. ಅವನು ಆ ನೀಲಿಯ ಮೇಲೆ ಅಂಗೈ ಸವರಿದ. ಕೆಲವು ದಿನ ಕಳೆದು, ಮುಂಗಾರಿನ ಮೊದಲ ಮಳೆ ಹಿಡಿದ ಒಂದು ಮಧ್ಯಾಹ್ನ, ಅಂಗಡಿಯ ಬಾಗಿಲಲ್ಲಿ ಬಂದು ನಿಂತ.

“ಬಾ ಸೂಜಿ, ಹೊರಡೋಣ. ದಾರಿಯಲ್ಲಿ ನಿನಗೆ ಒಂದು ತಮಾಷೆ ತೋರಿಸ್ತೀನಿ.”

“ನಿಮ್ಮ ತಮಾಷೆ ಎಲ್ಲ ನನಗೆ ಗೊತ್ತಿದೆ. ಮಳೆ ನಿಲ್ಲಲಿ, ನೋಡೋಣ,” ಎಂದಳು ಅವಳು, ಹೊಲಿಗೆಯಿಂದ ಕಣ್ಣೆತ್ತದೆ.

ಅವನು ಮತ್ತೆರಡು ಸಲ ಕೇಳಿದ. ಅವಳು ಅದನ್ನೇ ಹೇಳಿದಳು. ಮಳೆ ನಿಲ್ಲುವ ಮೊದಲೇ, ಒಂದು ಬೆಳಿಗ್ಗೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ಅವನ ಹೃದಯ ನಿಂತುಹೋಯಿತು. ಕೈಯಲ್ಲಿದ್ದ ಚಹಾ ಇನ್ನೂ ಬಿಸಿಯಾಗಿತ್ತು.

ಈಗ ದಾರಿ ಬಿಚ್ಚಿಕೊಳ್ಳುತ್ತ ಹೋಯಿತು. ಒಲ್ಲದ ಮನಸ್ಸಿನಿಂದ ಹೊರಟವಳನ್ನೂ ರಸ್ತೆ ಮೆಲ್ಲಮೆಲ್ಲನೆ ತನ್ನವಳನ್ನಾಗಿ ಮಾಡಿಕೊಂಡಿತು... ಕಿಟಕಿಯಿಂದ ಕೊಯ್ದ ಹುಲ್ಲಿನ ವಾಸನೆ ಒಳಗೆ ಬಂತು, ಒದ್ದೆ ಮಣ್ಣಿನದು ಬಂತು, ಆಮೇಲೆ ದೂರದ ಇಟ್ಟಿಗೆ ಗೂಡಿನ ಹೊಗೆಯದು. ಹೆಸರು ಕೇಳರಿಯದ ಊರುಗಳು ಎದುರಾಗಿ, ತಮ್ಮ ಗಡಿಯಾರದ ಗೋಪುರವನ್ನೋ ಒಣಹಾಕಿದ ಬಟ್ಟೆಗಳನ್ನೋ ತೋರಿಸಿ ಹಿಂದೆ ಸರಿದವು. ಮರದ ಕೆಳಗಿನ ಅಂಗಡಿಯಲ್ಲಿ ಕುಡಿದ ಚಹಾ ಮನೆಯ ಚಹಾಕ್ಕಿಂತ ರುಚಿಯಾಗಿತ್ತು. ಅದೇಕೆ ಹಾಗೆ? ಮುಖ ನೋಡಿ ಆಡಲಾರದ ಮಾತುಗಳು, ಪಕ್ಕಪಕ್ಕದಲ್ಲಿ ಕೂತು ಒಂದೇ ದಿಕ್ಕಿಗೆ ನೋಡುವವರ ಬಾಯಿಂದ ತಾವಾಗಿ ಬಂದವು. ನಾದಿನಿ ತಾನು ಮದುವೆಯಾಗದೆ ಉಳಿದ ಕಥೆಯನ್ನು ಮೊದಲ ಬಾರಿ ಪೂರ್ತಿಯಾಗಿ ಹೇಳಿದಳು. ಇದಕ್ಕೇ ಅವರು ನನ್ನನ್ನು ಕರೆದದ್ದು, ಎಂದು ಸ್ಟೇರಿಂಗ್ ಹಿಡಿದವಳು ಗಂಡನನ್ನು ನೆನೆದಳು. ಎಂಥ ಸುಖವಿತ್ತು ಈ ದಾರಿಯಲ್ಲಿ! ಸುಖ ಹೆಚ್ಚಿದಷ್ಟೂ ಎದೆ ಭಾರವಾಗುತ್ತ ಹೋಯಿತು.

“ಅತ್ತಿಗೆ, ಪ್ರತಿ ತಿರುವಿಗೂ ನನ್ನ ಸೀಟಿನ ಕೆಳಗೆ ಏನೋ ಉರುಳುತ್ತಲ್ಲ! ಇಲಿಗಿಲಿ ಸೇರಿಕೊಂಡಿದೆಯೋ ಏನೋ.”

“ಹಳೇ ಕಾರು ಕಣೇ, ಏನೋ ಒಂದು ಸದ್ದು ಇರುತ್ತೆ. ಬಗ್ಗಿ ನೋಡು.”

“ಬಗ್ಗೋದಾ? ಕಣ್ಣು ಮುಚ್ಚೋಕೇ ಧೈರ್ಯ ಇಲ್ಲ ನನಗೆ!”

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೆಟ್ಟದ ಸಾಲು ದಾಟಿ ರಸ್ತೆ ಕಡಲಿನತ್ತ ಇಳಿಯತೊಡಗಿತು. ಕೆಳಗೆ ಕಣಿವೆಯ ತುಂಬ ತೆಳುಮಂಜು, ಮಂಜಿನ ಮೇಲೆ ಬಿಸಿಲು. ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸೊಂದು ಹಠಾತ್ತನೆ ಹೊರಳಿ ಬಂತು. ಅವಳು ಆಗಲೇ ನಿಧಾನಿಸಿ ಬದಿಗೆ ಸರಿದಿದ್ದಳು. ಆದರೆ ನಾದಿನಿ ಚೀರಿ, ಎರಡೂ ಕಾಲುಗಳಿಂದ ತನ್ನ ಮುಂದಿನ ಬ್ರೇಕನ್ನು ಒತ್ತಿಬಿಟ್ಟಳು.

ಕಾರು ಏನೂ ಆಗದಂತೆ ಸಾಗಿತು. ಬಸ್ಸು ದಾಟಿ ಹೋಯಿತು.

“ಅತ್ತಿಗೆ... ಇದು ಹಿಡೀಲೇ ಇಲ್ಲ! ಸುಮ್ಮನೆ ಕೆಳಗೆ ಹೋಯ್ತು. ನೋಡಿ, ಸಡಿಲ!”

ಅವಳು ಮುಂದಿನ ಬಯಲಿನಲ್ಲಿ ಕಾರು ನಿಲ್ಲಿಸಿದಳು. ಗ್ಯಾರೇಜುಗಳ ಬೀದಿಯಲ್ಲಿ ಬದುಕಿದವಳಿಗೆ ಕಾರಿನ ಒಳಮೈ ಹೊಸದಲ್ಲ. ನಾದಿನಿಯನ್ನು ಇಳಿಸಿ, ಆ ಬದಿಯ ಬಾಗಿಲಲ್ಲಿ ಮಂಡಿಯೂರಿ, ಪೆಡಲಿನ ಹಿಂದೆ ಕೈಯಾಡಿಸಿದಳು. ಸರಳು ಇರಬೇಕಾದಲ್ಲಿ ಬರಿಯ ಗಾಳಿ. ಮುರಿದ ಗುರುತಿಲ್ಲ, ಯಾರೋ ಜೋಪಾನವಾಗಿ ಬಿಚ್ಚಿ ತೆಗೆದಿದ್ದರು. ಆಗ ಅವಳಿಗೆ ಸೀಟಿನ ಕೆಳಗೆ ಉರುಳುತ್ತಿದ್ದ ಸದ್ದು ನೆನಪಾಯಿತು. ಕೈ ಚಾಚಿ ತಡಕಿ ಎಳೆದಳು.

ನೀಲಿ ಬಟ್ಟೆಯ ಒಂದು ಉದ್ದನೆಯ ಪೊಟ್ಟಣ.

ಅವಳದೇ ಬಟ್ಟೆ. ಹೊಸ ಕವರು ಹೊಲಿದು ಉಳಿದ ತುಂಡು. ಎಲ್ಲಿ ಹೋಯಿತೆಂದು ಅಂಗಡಿಯಲ್ಲೆಲ್ಲ ಹುಡುಕಿದ್ದಳು. ಒಳಗಿನ ಸರಳು ಬಟ್ಟೆಯ ಮೇಲಿನಿಂದಲೇ ಕೈಗೆ ಸಿಕ್ಕಿತು. ಬಟ್ಟೆಯ ಅಂಚನ್ನು ಉದ್ದಕ್ಕೂ ಹೊಲಿದು ಮುಚ್ಚಲಾಗಿತ್ತು. ಎಂಥ ಹೊಲಿಗೆ ಅದು! ಒಂದು ಉದ್ದ, ಒಂದು ಗಿಡ್ಡ, ನಡುವೆ ಗಂಟು, ದಾರ ತುಂಡಾದಲ್ಲಿ ಮತ್ತೊಂದು ಬಣ್ಣದ ದಾರ. ಎರಡು ಕಡೆ ಒಣಗಿದ ಕಂದು ಚುಕ್ಕೆ. ಸೂಜಿ ಬೆರಳಿಗೆ ಚುಚ್ಚಿದ ಗುರುತು. ಜನ್ಮದಲ್ಲಿ ಒಂದು ಗುಂಡಿ ಹೊಲಿಯದ ಕೈಯದು ಆ ಕೆಲಸ. ಕೊನೆಯಲ್ಲಿ ಮಾತ್ರ, ಅವಳು ಪ್ರತಿ ಸೀಟಿನ ಮೂಲೆಗೆ ಹಾಕುತ್ತಿದ್ದ ಸಣ್ಣ ಹೂವಿನ ಗಂಟನ್ನು ಹಾಕಲು ಹೋಗಿ, ಹೂವಾಗದೆ, ಅದು ಉಂಡೆಯಾಗಿ ನಿಂತಿತ್ತು.

ದಾರಿಯಲ್ಲಿ ನಿನಗೆ ಒಂದು ತಮಾಷೆ ತೋರಿಸ್ತೀನಿ...

ಇದೇ ಆ ತಮಾಷೆ! ಯಾವುದೋ ತಿರುವಿನಲ್ಲಿ ಅವಳು ಎಂದಿನಂತೆ ಅವನ ಪಾದವನ್ನು ನೋಡಿ ರೇಗಬೇಕು, ಆಗ ಅವನು ಬಗ್ಗಿ ಇದನ್ನು ತೆಗೆದು ಅವಳ ಮಡಿಲಿಗೆ ಹಾಕಬೇಕು. ಬಾಯಿಮಾತಿಗೆ ನಂಬುವವಳಲ್ಲವೆಂದು, ಓಡಿಸಿ ತೋರಿಸಿಯೇ ಹೇಳೋಣವೆಂದು, ಮಳೆ ನಿಲ್ಲಲೆಂದು ಕಾಯುತ್ತ ಕೂತಿದ್ದ. ಅವಳೂ ಕಾದಿದ್ದಳು, ಅವನು ಮೊದಲು ಬ್ರೇಕಿನ ಮಾತೆತ್ತಲೆಂದು.

“ರೀ...” ಎಂದಳು ಅವಳು, ಖಾಲಿ ಸೀಟಿಗೆ. “ಒಂದು ಮಾತು ಹೇಳಬಾರದಿತ್ತಾ ರೀ?” ಅವನು ಹೋದ ದಿನವೂ ಹೊರಡದ ಅಳು ಈಗ ಹೊರಟಿತು. ಬೆಟ್ಟದ ಬಯಲಿನಲ್ಲಿ, ಆ ಪೊಟ್ಟಣವನ್ನು ಎದೆಗವಚಿಕೊಂಡು, ಮಕ್ಕಳ ಹಾಗೆ ಗಟ್ಟಿಯಾಗಿ ಅತ್ತಳು. ನಾದಿನಿಯ ಕೈ ಅತ್ತಿಗೆಯ ಬೆನ್ನ ಮೇಲೆ ಓಡಾಡುತ್ತಿತ್ತು.

ಸೂರ್ಯ ಮುಳುಗುವ ಮೊದಲು ಅವರು ಕಡಲು ಮುಟ್ಟಿದರು. ರಸ್ತೆ ನಿಜಕ್ಕೂ ಅಲ್ಲಿ ಮುಗಿಯಿತು: ಡಾಂಬರು ಹೋಗಿ ಜಲ್ಲಿ, ಜಲ್ಲಿ ಹೋಗಿ ಮರಳು, ಮರಳು ಹೋಗಿ ನೀರು. ನಾದಿನಿಯ ಫೋನು ಬಡಿದುಕೊಂಡಿತು. ಶಿಷ್ಯ ಶಾಲೆಯ ಬಾಗಿಲಲ್ಲಿ ಕಾಯುತ್ತಿದ್ದ.

“ಏನು ಹೇಳಲಿ ಅತ್ತಿಗೆ?”

“ಬೇಜಾರು ಮಾಡ್ಕೋಬೇಡಪ್ಪ ಅನ್ನು. ಈ ಕಾರಲ್ಲಿ ಎರಡನೇ ಬ್ರೇಕು ಇಲ್ಲ, ಕಲಿಸೋಕೆ ಬರಲ್ಲ ಅಂತ ಹೇಳು.”

ನಾದಿನಿ ಫೋನು ಹಿಡಿದು ಮರಳಿಗಿಳಿದ ಮೇಲೆ ಅವಳೂ ಇಳಿದು, ಕಾರನ್ನು ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ಕೂತಳು. ಜೀವಮಾನವೆಲ್ಲ ಅವನು ಕಲಿಸುತ್ತ ಕೂತ ಜಾಗ. ಸವೆದು ನುಣುಪಾದ ಆ ಪೆಡಲಿನ ಮೇಲೆ ಅವನ ಪಾದದ ಗುಳಿಯಿತ್ತು. ತನ್ನ ಪಾದವನ್ನು ಅದರೊಳಗಿಟ್ಟು ಮೆಲ್ಲನೆ ಒತ್ತಿದಳು. ಅದು ಯಾವ ತಡೆಯೂ ಇಲ್ಲದೆ ಕೆಳಗಿಳಿಯಿತು. ಅಲ್ಲಿಂದ ಕಾಣುವುದು ರಸ್ತೆಗಿಂತ ಹೆಚ್ಚಾಗಿ ಓಡಿಸುವವರ ಮುಖ ಎಂಬುದು ಅವಳಿಗೆ ಆ ಹೊತ್ತಿನಲ್ಲಿ ಗೊತ್ತಾಯಿತು. ತಾನು ಓಡಿಸಿದಷ್ಟು ಕಾಲ ಅವನು ನೋಡುತ್ತ ಕೂತದ್ದು ಏನನ್ನು ಎಂಬುದೂ ಗೊತ್ತಾಯಿತು.

ಪ್ರೀತಿಸುವವರ ಭಯವೂ ಪ್ರೀತಿಯೇ, ಸಹೃದಯರೇ. ಆದರೆ ಆ ಭಯವನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಬಾರದ ಕೈಯಲ್ಲಿ ಹೊಲಿದು ಇನ್ನೊಬ್ಬರ ಮಡಿಲಿಗಿಡಲು ಹೊರಟ ಕ್ಷಣವೇ ಅದರ ಪೂರ್ಣತೆ. ಆ ಉಡುಗೊರೆ ಕೈಗೆ ತಲುಪುವ ಹೊತ್ತಿಗೆ ಕೊಟ್ಟವರು ಇರದೆ ಹೋಗುವುದುಂಟು... ಹೋಗೋಣ ಬಾ ಎಂದು ಯಾರಾದರೂ ಬಾಗಿಲಲ್ಲಿ ನಿಂತು ಕರೆದರೆ, ಮಳೆ ನಿಲ್ಲಲಿ ಎನ್ನಬೇಡಿ. ಮರುದಿನ ಬೆಳಿಗ್ಗೆ ಆ ಬಿಳಿ ಕಾರು ಬಂದ ದಾರಿಯಲ್ಲೇ ಹಿಂದಿರುಗಿತು. ನಾದಿನಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಪಕ್ಕದ ಸೀಟಿನಲ್ಲಿ ಆ ನೀಲಿ ಪೊಟ್ಟಣವಿತ್ತು, ಅದರ ಹೊಲಿಗೆಯನ್ನು ಅವಳು ಬಿಚ್ಚಿರಲಿಲ್ಲ.